ಊರಿಗೆ ಹೋಗಲಾಗದ ವರ್ಷ ನಾನು ಕುಸ್ವಾರ್ ಮಾಡಿದ ಬಗೆ

2024ರ ಡಿಸೆಂಬರ್ ಮೊದಲ ವಾರದಲ್ಲಿ, ಕ್ರಿಸ್‌ಮಸ್‌ಗೆ ನಾನು ಕೇಳಿದ್ದ ಐದು ದಿನಗಳ ರಜೆ ಸಿಗುವುದಿಲ್ಲವೆಂದು ಖಚಿತವಾಯಿತು. ನಾನು ಬೆಂಗಳೂರಿನ ಒಂದು ಲೆಕ್ಕಪರಿಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುವ ಚಾರ್ಟರ್ಡ್ ಅಕೌಂಟೆಂಟ್. ಊರು ಬಂಟ್ವಾಳ ತಾಲ್ಲೂಕಿನ ಒಂದು ಹಳ್ಳಿ, ಮನೆಮಾತು ಕೊಂಕಣಿ. ಅದಕ್ಕೆ ಹಿಂದಿನ ಐದು ವರ್ಷವೂ 23ರ ರಾತ್ರಿ ಬಸ್ಸು ಹತ್ತಿ, ಶಿರಾಡಿ ಘಾಟಿ ಇಳಿದು, 24ರ ಬೆಳಿಗ್ಗೆ ಮನೆ ಸೇರುತ್ತಿದ್ದೆ. ಅಷ್ಟು ಹೊತ್ತಿಗೆ ಅಡುಗೆಮನೆಯ ಅಟ್ಟದ ಮೇಲೆ ಹಬ್ಬದ ತಿಂಡಿಗಳಾದ ಕುಸ್ವಾರಿನ ಡಬ್ಬಗಳು ಸಾಲಾಗಿ ನಿಂತಿರುತ್ತಿದ್ದವು, ಬಾಲಯೇಸುವಿನ ಕೊಟ್ಟಿಗೆಯ ಮಾದರಿಯಾದ ಗೋದಲಿ ಸಿದ್ಧವಾಗಿರುತ್ತಿತ್ತು, ಅಂಗಳದ ಮಾವಿನ ಕೊಂಬೆಗೆ ನಕ್ಷತ್ರ ತೂಗುತ್ತಿತ್ತು. ನಾನು ಹೋಗಿ ತಿಂದು, ನಡುರಾತ್ರಿಯ ಬಲಿಪೂಜೆ ಮುಗಿಸಿ, ನಿದ್ದೆ ಮಾಡಿ, ಒಂದು ಡಬ್ಬ ತುಂಬಿಸಿಕೊಂಡು ಮರಳುತ್ತಿದ್ದೆ. ಅದೆಲ್ಲ ಯಾರೋ ಮೂರು ವಾರ ದುಡಿದು ಮಾಡಿಟ್ಟದ್ದೆಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಅದರ ಭಾರ ನನ್ನ ಕೈಗೆ ಎಂದೂ ತಗಲಿರಲಿಲ್ಲ.

ರಜೆ ಸಿಗದುದಕ್ಕೆ ಸಂಸ್ಥೆಯನ್ನು ಪೂರ್ತಿಯಾಗಿ ದೂರಲಾರೆ. ನಮ್ಮ ವೃತ್ತಿಯಲ್ಲಿ ಡಿಸೆಂಬರ್ ಹಗುರವಾದ ತಿಂಗಳಲ್ಲ. 15ಕ್ಕೆ ಮುಂಗಡ ತೆರಿಗೆಯ ಮೂರನೇ ಕಂತು, ಅಂದರೆ ವರ್ಷದ ಅಂದಾಜು ತೆರಿಗೆಯ ಶೇಕಡ 75ರಷ್ಟು ಅಷ್ಟರೊಳಗೆ ಕಟ್ಟಿರಬೇಕು, 20ಕ್ಕೆ ತಿಂಗಳ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿ, 31ಕ್ಕೆ ವಾರ್ಷಿಕ ರಿಟರ್ನ್ ಆದ ಜಿಎಸ್‌ಟಿಆರ್-9, ಜೊತೆಗೆ ಗಡುವು ತಪ್ಪಿಸಿಕೊಂಡವರ ಆದಾಯ ತೆರಿಗೆ ರಿಟರ್ನ್. 2023-24ರ ವಾರ್ಷಿಕ ರಿಟರ್ನಿನಲ್ಲಿ ಇನ್ನೊಂದು ತೊಡಕೂ ಇತ್ತು. ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಿಂದ ಕಳೆದುಕೊಳ್ಳುವ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು ತಾಳೆ ನೋಡುವ 8ಎ ಕೋಷ್ಟಕದ ಮೊತ್ತ ಅದುವರೆಗೆ ಮಾರಾಟಗಾರರು ಬಿಲ್ಲು ತೋರಿಸಿದಂತೆಲ್ಲ ಬದಲಾಗುವ 2ಎ ಪಟ್ಟಿಯಿಂದ ಬರುತ್ತಿದ್ದುದು ಆ ವರ್ಷದಿಂದ ತಿಂಗಳಿಗೊಮ್ಮೆ ಸ್ಥಿರವಾಗುವ 2ಬಿ ಪಟ್ಟಿಯಿಂದ ಬರತೊಡಗಿತು. ಮಾರಾಟಗಾರ ತಡವಾಗಿ ತೋರಿಸಿದ ಒಂದೊಂದು ಬಿಲ್ಲನ್ನೂ ಹುಡುಕಿ ಅದು ಯಾವ ವರ್ಷಕ್ಕೆ ಸೇರಿತೆಂದು ಗುರುತಿಸಬೇಕಾದ್ದರಿಂದ ಒಂದು ಕಡತಕ್ಕೆ ಒಂದು ದಿನ ಸಾಲುತ್ತಿರಲಿಲ್ಲ. ಇಂಥ ತಿಂಗಳಲ್ಲಿ ನಾನು ರಜೆಯ ಅರ್ಜಿ ಕೊಟ್ಟದ್ದು ಡಿಸೆಂಬರ್ 2ರಂದು. ತಪ್ಪು ನನ್ನದೂ ಇತ್ತು. ಆದರೆ 'ಡಿಸೆಂಬರ್ 25ಕ್ಕೆ ಹೇಗೂ ಸರಕಾರಿ ರಜೆ ಇದೆಯಲ್ಲ, ಇನ್ನೇನು ಬೇಕು?' ಎಂದು ಮೇಲಿನವರು ಕೇಳಿದಾಗ ನನಗೆ ನೋವಾಯಿತು, ಏಕೆಂದರೆ ನಮ್ಮಲ್ಲಿ 25 ಎಂಬುದು ಹಬ್ಬದ ಕೊನೆಯ ಮೆಟ್ಟಿಲು.

ಆ ಸಂಜೆ ಫೋನಿನಲ್ಲಿ ಅಮ್ಮ ನನ್ನನ್ನು ಸಮಾಧಾನಪಡಿಸಲು ಹೋಗಲಿಲ್ಲ. "ಹಣ್ಣು ನೆನೆಹಾಕಿದೆಯಾ, ಪುತಾ?" ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದರೆ ಇವತ್ತೇ ಹಾಕು. ರಮ್ ಸ್ವಲ್ಪ ಬೆಚ್ಚಗೆ ಮಾಡಿ ಸುರಿದರೆ ಮೂರು ವಾರದಲ್ಲಿ ಹೀರಿಕೊಳ್ಳುತ್ತದೆ. ನೇರ ಉರಿಯ ಮೇಲೆ ಇಡಬೇಡ, ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ನಿಲ್ಲಿಸು." ಹೀಗೆ ನನ್ನ ಮೊದಲ ಕುಸ್ವಾರ್ ಡಿಸೆಂಬರ್ 4ರ ರಾತ್ರಿ ಹನ್ನೊಂದು ಗಂಟೆಗೆ, ಅರ್ಧ ಕಿಲೊ ಒಣದ್ರಾಕ್ಷಿ, ಖರ್ಜೂರ, ಚೆರ್ರಿ, ಕಿತ್ತಳೆ ಸಿಪ್ಪೆಯನ್ನು ಕತ್ತರಿಸುವುದರೊಂದಿಗೆ ಶುರುವಾಯಿತು.

ಕುಸ್ವಾರ್ ಎಂದರೆ ಕರಾವಳಿಯ ಕ್ರೈಸ್ತರು ಕ್ರಿಸ್‌ಮಸ್‌ಗೆ ಮಾಡುವ ತಿಂಡಿಗಳ ಒಟ್ಟು ಹೆಸರು. ಕಿಡ್ಯೊ, ನೆವ್ರ್ಯೊ, ಗುಳಿಯೊ, ತುಕ್ಡಿ, ಕೊಕ್ಕಿಸಾಂ, ಚಕ್ಕುಲಿ, ಕೇಕ್ ಹೀಗೆ ಮನೆಮನೆಗೂ ಪಟ್ಟಿ ಬೇರೆ. ಒಬ್ಬರೇ ಕುಳಿತು ಮಾಡುವ ಕೆಲಸ ಇದಲ್ಲ. ಊರಿನಲ್ಲಿ ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯವರು, ಮಕ್ಕಳು ಎಲ್ಲರೂ ಚಾಪೆಯ ಮೇಲೆ ಸುತ್ತ ಕೂರುತ್ತಾರೆ. ಬೆಂಗಳೂರಿನಲ್ಲಿ ನನಗೆ ಇದ್ದವರು ಮೂವರು. ನನ್ನೊಡನೆ ಸಿಎ ಓದಿನ ತರಬೇತಿಯಾದ ಆರ್ಟಿಕಲ್‌ಶಿಪ್ ಮಾಡಿದ, ಈಗ ನನ್ನ ಜೊತೆಯೇ ಬಾಡಿಗೆ ಮನೆಯಲ್ಲಿರುವ ಧಾರವಾಡದ ಗೆಳತಿ. ಆಸ್ಪತ್ರೆಯಲ್ಲಿ ಪಾಳಿ ಮಾಡುವ ತುಮಕೂರಿನ ಗೆಳತಿ. ಮತ್ತು ಎರಡು ವರ್ಷಗಳಿಂದ ನಾನು ಪ್ರೀತಿಸುತ್ತಿದ್ದ, ಮನೆಯಲ್ಲಿ ಯಾರಿಗೂ ಹೇಳದಿದ್ದ, ಹಾಸನದ ಕಡೆಯ ಒಬ್ಬ ಹುಡುಗ. ಅವನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾನೆ. ಒಮ್ಮೆ ಮಳೆಗಾಲದಲ್ಲಿ ಅವನೇ ನಮ್ಮನ್ನು ಶೆಟ್ಟಿಹಳ್ಳಿಗೆ ಕರೆದೊಯ್ದು, ಹೇಮಾವತಿಯ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಂತ ಹಳೆಯ ಇಗರ್ಜಿಯ ಗೋಡೆಗಳನ್ನು ತೋರಿಸಿದ್ದ. 'ನಿಮ್ಮ ಹಬ್ಬದ ದಿನ ಇಲ್ಲಿ ಹೇಗಿರುತ್ತಿತ್ತು?' ಎಂದು ಅವನು ಅಲ್ಲಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ.

ಗೋದಲಿಗೆ ಹಸಿರು ಬೇಕು. ನಮ್ಮ ಮನೆಯಲ್ಲಿ ಹಬ್ಬಕ್ಕೆ ಹನ್ನೆರಡು ದಿನ ಮುಂಚೆ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಬಿತ್ತುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಪೈರು ಎದ್ದು, ಬಾಲಯೇಸುವಿನ ಕೊಟ್ಟಿಗೆಯ ಸುತ್ತ ಗದ್ದೆಯಂತೆ ಕಾಣುತ್ತದೆ. ಅಂಗಡಿಯ ರಾಗಿ ನಾನು ಮೊದಲು ಹಾಕಿದಾಗ ಮೊಳೆಯಲಿಲ್ಲ. ಇದನ್ನು ಅವನಿಗೆ ಹೇಳಿದ್ದಷ್ಟೇ; ಮರುವಾರ ಊರಿನಿಂದ ಬರುವಾಗ ಅವರ ಹೊಲದ ರಾಗಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ತಂದ. ಒಂದು ಹಿಡಿ ರಾಗಿ ಯಾಕೆಂದು ಅವನ ತಾಯಿ ಕೇಳಿದರಂತೆ. "ಗೆಳತಿಯ ಮನೆಯ ಹಬ್ಬಕ್ಕೆ" ಎಂದು ಹೇಳಿದನಂತೆ. 12ರ ರಾತ್ರಿ ಬಿತ್ತಿದ್ದು 16ಕ್ಕೆ ತಲೆ ಎತ್ತಿತು. ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಜೀವಂತ ಎತ್ತು, ಕತ್ತೆಗಳನ್ನು ನಿಲ್ಲಿಸಿ ಗೋದಲಿ ಮಾಡಿದರೆಂದು ನಾವು ಧರ್ಮೋಪದೇಶದ ತರಗತಿಯಲ್ಲಿ ಕಲಿತಿದ್ದೆವು. ಜಯನಗರದ ಒಂದು ಬಾಲ್ಕನಿಯಲ್ಲಿ ಹಾಸನದ ರಾಗಿ ಅದೇ ಗೋದಲಿಯ ಗದ್ದೆಯಾಗುವುದನ್ನು ದಿನವೂ ಬೆಳಿಗ್ಗೆ ನೋಡಿ ಕಚೇರಿಗೆ ಹೋಗುವುದು ಆ ತಿಂಗಳು ನನಗೆ ಪ್ರಾರ್ಥನೆಯಂತೆಯೇ ಇತ್ತು.

ಕಚೇರಿಯಲ್ಲಿಯೂ ಕ್ರಿಸ್‌ಮಸ್ ಇತ್ತು. ಮರ, ಕೆಂಪು ಟೊಪ್ಪಿ, ಚೀಟಿ ಎತ್ತಿ ಉಡುಗೊರೆ ಕೊಡುವ ಆಟ ಎಲ್ಲವೂ 19ರ ಮಧ್ಯಾಹ್ನಕ್ಕೆ ಮುಗಿದವು. ಸಹೋದ್ಯೋಗಿಗಳು ಪ್ರೀತಿಯಿಂದಲೇ ಮಾಡಿದ್ದರು, ಆ ಪ್ರೀತಿಯನ್ನು ನಾನು ಸಣ್ಣದು ಮಾಡಲಾರೆ. ಆದರೆ ಹಬ್ಬಕ್ಕೆ ಸಿದ್ಧರಾಗುವ ಆಗಮನಕಾಲದ ನಾಲ್ಕು ಭಾನುವಾರಗಳಲ್ಲಿ ನಾವು ಒಂದೊಂದೇ ಮೇಣದಬತ್ತಿ ಹಚ್ಚುತ್ತ, ಪೂಜೆಯಲ್ಲಿ ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡದೆ, ನೇರಳೆ ಬಣ್ಣದ ವಸ್ತ್ರಗಳ ನಡುವೆ ಕಾಯುತ್ತೇವೆ. ಗುಲಾಬಿ ಬಣ್ಣದ ಮೂರನೇ ಬತ್ತಿ ಆ ವರ್ಷ ಹೊತ್ತಿದ್ದು 15ನೇ ತಾರೀಖು, ಅದೇ ಮುಂಗಡ ತೆರಿಗೆಯ ಗಡುವಿನ ದಿನ. ಕಾಯುವುದೂ ಹಬ್ಬದ ಭಾಗವೆಂದು ಸಹೋದ್ಯೋಗಿಗಳಿಗೆ ಹೇಳಬೇಕೆನಿಸಿತು. ಹೇಳಲಿಲ್ಲ. ಆದರೆ ಅದಕ್ಕೂ ಮೊದಲೇ ತಂಡದ ಇಬ್ಬರು ಕಿರಿಯರನ್ನು ಕೂರಿಸಿಕೊಂಡು ಕೆಲಸದ ದಿನಗಳನ್ನು ಕೊನೆಯಿಂದ ಹಿಂದಕ್ಕೆ ಎಣಿಸಿದ್ದೆ: 8ಎ ತಾಳೆಯಾಗದ ಬಿಲ್ಲುಗಳ ಪಟ್ಟಿ 14ರೊಳಗೆ ಗ್ರಾಹಕರಿಗೆ ಹೋಗಬೇಕು, ಅವರ ಉತ್ತರ 20ರೊಳಗೆ ಬರಬೇಕು, 21 ಮತ್ತು 22 ನನ್ನವು. ನಾಲ್ಕು ವರ್ಷಗಳಲ್ಲಿ ನಾನು ಮೊದಲ ಬಾರಿಗೆ ವಾರ್ಷಿಕ ರಿಟರ್ನುಗಳನ್ನು ಕೊನೆಯ ರಾತ್ರಿಗೆ ಬಿಡಲಿಲ್ಲ. ಇದನ್ನು ಯಾವ ತರಬೇತಿಯೂ ನನಗೆ ಕಲಿಸಿರಲಿಲ್ಲ. ಹಣ್ಣು ಯಾವಾಗ ನೆನೆಯಬೇಕು, ರಾಗಿ ಯಾವಾಗ ಬೀಳಬೇಕು ಎಂದು 25ರಿಂದ ಹಿಂದಕ್ಕೆ ಎಣಿಸುವ ಅಮ್ಮನ ಲೆಕ್ಕವೇ ಅದಾಗಿತ್ತು.

21ರಂದು ಕೇಕ್. ಮೈದಾ, ಬೆಣ್ಣೆ, ಸಕ್ಕರೆ ತಲಾ 250 ಗ್ರಾಂ, ಐದು ಮೊಟ್ಟೆ, ನೆನೆದ ಅರ್ಧ ಕಿಲೊ ಹಣ್ಣು. ಕೇಕಿನ ಕಂದುಬಣ್ಣ ಬರುವುದು ಸಕ್ಕರೆಯನ್ನು ಸುಟ್ಟು ಮಾಡುವ ಪಾಕದಿಂದ. ಸಕ್ಕರೆ ಕರಗಿ, ಜೇನಿನ ಬಣ್ಣ ದಾಟಿ, ಹೊಗೆಯಾಡುವ ಹೊತ್ತಿಗೆ ಬಿಸಿನೀರನ್ನೇ ಸುರಿಯಬೇಕು. ನಾನು ತಣ್ಣೀರು ಸುರಿದೆ, ಪಾಕ ಸಿಡಿದು ಮುಂಗೈ ಸುಟ್ಟಿತು, ತಳದಲ್ಲಿ ಗಾಜಿನಂಥ ಗಟ್ಟಿ ಉಳಿಯಿತು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ತುಮಕೂರಿನ ಗೆಳತಿ ಎದ್ದು ಬಂದು, ಕೈಯನ್ನು ನಲ್ಲಿಯ ಕೆಳಗೆ ಹಿಡಿಸಿ ಇಪ್ಪತ್ತು ನಿಮಿಷ ಕದಲಬಾರದೆಂದು ನಿಲ್ಲಿಸಿದಳು. ಅಷ್ಟು ಹೊತ್ತೂ ಅವಳೇ ಎರಡನೇ ಪಾಕ ಮಾಡಿದಳು. 160 ಡಿಗ್ರಿಯಲ್ಲಿ ಒಂದೂವರೆ ಗಂಟೆ ಬೆಂದ ಕೇಕ್ ನಡುವೆ ತುಸು ಬಿರಿದಿತ್ತು, ಆದರೆ ವಾಸನೆ ಮಾತ್ರ ನಮ್ಮ ಮನೆಯದೇ.

22ರ ಭಾನುವಾರ ಚಾಪೆ ಹಾಸಿದೆವು. ಒಂದು ಕಿಲೊ ಮೈದಾಕ್ಕೆ ಉಪ್ಪು, ಎರಡು ಚಮಚ ಬಿಸಿ ತುಪ್ಪ, ಒಂದು ತೆಂಗಿನಕಾಯಿಯ ದಪ್ಪ ಹಾಲು ಸೇರಿಸಿ ಗಟ್ಟಿಯಾಗಿ ನಾದಿದ ಹಿಟ್ಟು ಕಿಡ್ಯೊಗೆ. ಗೋಲಿಯಷ್ಟು ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲುಗಳ ಮೇಲೆ ಒತ್ತಿ, ತುದಿಯಿಂದ ಸುರುಳಿ ಸುತ್ತಿ ಬಿಡಿಸಬೇಕು. ಕೆಲವು ಮನೆಗಳಲ್ಲಿ ಮೊಟ್ಟೆಯನ್ನೂ ಸೇರಿಸುತ್ತಾರೆ, ನಾನು ಸೇರಿಸಲಿಲ್ಲ. ನೆವ್ರ್ಯೊವಿನ ಹೂರಣ ಹುರಿದು ಇಟ್ಟ ಕೂಡಲೆ ಧಾರವಾಡದ ಗೆಳತಿ ನನ್ನ ಕೈಯಿಂದ ಲಟ್ಟಣಿಗೆ ಕಸಿದುಕೊಂಡು, "ಇದು ನಮ್ಮ ಕರ್ಜಿಕಾಯಿ ಅದಲ್ಲವಾ, ನೀ ಯಾಕ ಹೆದರತಿ? ಸರಿ ಅತ್ತ" ಎಂದಳು. ಅವಳ ಬೆರಳು ಅಂಚು ಮಡಚುವ ವೇಗ ನೋಡುತ್ತ ಕುಳಿತೆ. ಬೇರೆ ಬೇರೆ ಹಬ್ಬಗಳಲ್ಲಿ ಇಬ್ಬರ ಅಜ್ಜಿಯರೂ ಒಂದೇ ಅರ್ಧಚಂದ್ರವನ್ನು ಎಣ್ಣೆಗೆ ಬಿಡುತ್ತಿದ್ದರೆಂಬುದು ಏಳು ವರ್ಷ ಒಂದೇ ಕೋಣೆಯಲ್ಲಿ ಓದಿ ಮಲಗಿದ ನಮಗೆ ಅಂದಿನವರೆಗೆ ಗೊತ್ತಿರಲಿಲ್ಲ.

ಅಚ್ಚನ್ನು ಹಿಟ್ಟಿಗೆ ಅದ್ದಿ ಹೂವಿನಂತೆ ಕರಿಯುವ ಕೊಕ್ಕಿಸಾಂ ಮಾತ್ರ ನಮ್ಮನ್ನು ಸೋಲಿಸಿತು. ಹೊಸ ಅಚ್ಚನ್ನು ಎಣ್ಣೆಯಲ್ಲಿ ಒಂದೆರಡು ದಿನ ನೆನೆಸಿ ಪಳಗಿಸದಿದ್ದರೆ ಹಿಟ್ಟು ಬಿಡುವುದಿಲ್ಲ. ಅಚ್ಚು ತಣ್ಣಗಿದ್ದರೆ ಹಿಟ್ಟು ಹಿಡಿಯುವುದಿಲ್ಲ, ಅತಿಯಾಗಿ ಕಾದರೆ ಹಿಟ್ಟಿನ ಪಾತ್ರೆಯಲ್ಲೇ ಬೆಂದು ಉದುರುತ್ತದೆ, ಅಂಚಿನವರೆಗೆ ಮುಳುಗಿಸಿದರೆ ಮೇಲೆ ಮುಚ್ಚಿಕೊಂಡು ಹೂವು ಅಚ್ಚಿನಿಂದ ಕಳಚುವುದೇ ಇಲ್ಲ. ಮೂವತ್ತಕ್ಕೆ ಹಿಟ್ಟು ಕಲಸಿ ಒಂಬತ್ತು ಸರಿಯಾಗಿ ಬಂದವು.

ನಡುವೆ ಅಮ್ಮ ವಿಡಿಯೊ ಕರೆ ಮಾಡಿದರು. ಎಣ್ಣೆಯ ಹದ ತೋರಿಸಲೆಂದು ಫೋನನ್ನು ಮಸಾಲೆ ಡಬ್ಬಕ್ಕೆ ಒರಗಿಸಿದೆ. ಅವನು ಚಿತ್ರದ ಹೊರಗೆ, ಚಾಪೆಯ ಆ ತುದಿಯಲ್ಲಿ ಕುಳಿತಿದ್ದ. ಕೈಗಳು ಮಾತ್ರ ಒಳಗೆ ಬರುತ್ತಿದ್ದವು, ಬಾಚಣಿಗೆ ಹಿಡಿದು. ಅಮ್ಮ ಎರಡು ನಿಮಿಷ ಏನೂ ಹೇಳಲಿಲ್ಲ. ಆಮೇಲೆ ಕೊಂಕಣಿಯಲ್ಲಿ, "ಅಷ್ಟು ಚೆಂದ ಕಿಡ್ಯೊ ಸುತ್ತುವ ಕೈ ಯಾರದ್ದು, ಪುತಾ?" ಎಂದರು. ಫೋನನ್ನು ಬಾಲ್ಕನಿಗೆ ಒಯ್ದು, ರಾಗಿಯ ತಟ್ಟೆಯ ಪಕ್ಕದಲ್ಲಿ ನಿಂತು, ಎರಡು ವರ್ಷ ಹೇಳದೆ ಉಳಿಸಿದ್ದನ್ನು ಹೇಳಿದೆ. ಅವನ ಊರು, ಅವನ ಕೆಲಸ, ಅವನ ಮನೆಯವರು ಯಾರು, ನಾವು ಮದುವೆಯ ಬಗ್ಗೆ ಏನು ಯೋಚಿಸಿದ್ದೇವೆ ಎಲ್ಲವನ್ನೂ. ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ಒಲೆ ಸಣ್ಣ ಮಾಡಿ ಬಂದಿದ್ದೀಯಾ? ಎಣ್ಣೆ ಕಾಯುತ್ತಿದೆ, ಹೋಗು" ಎಂದು ಕರೆ ಮುಗಿಸಿದರು. ಅದು ಒಪ್ಪಿಗೆಯೋ ಕೋಪವೋ ತಿಳಿಯದೆ ಉಳಿದ ಕಿಡ್ಯೊಗಳನ್ನು ಕರಿದೆ.

24ರಂದು ಕಚೇರಿಯಿಂದ ಏಳು ಗಂಟೆಗೆ ಹೊರಟೆ. ನಾವು ನಾಲ್ವರೂ ಹತ್ತಿರದ ಇಗರ್ಜಿಗೆ ಹೋಗಿ, ಆವರಣದಲ್ಲಿ ಹಾಕಿದ್ದ ಕುರ್ಚಿಗಳ ಕೊನೆಯ ಸಾಲಿನಲ್ಲಿ ಕುಳಿತೆವು. ಅದೇ ರಾತ್ರಿ ರೋಮ್‌ನಲ್ಲಿ ಪೋಪ್ ಫ್ರಾನ್ಸಿಸರು 2025ರ ಜುಬಿಲಿ ಎಂಬ ಪವಿತ್ರ ವರ್ಷಕ್ಕೆ ಪವಿತ್ರ ದ್ವಾರ ತೆರೆಯುವರೆಂದು ಧರ್ಮಗುರುಗಳು ನೆನಪಿಸಿದರು. ನಾಲ್ಕು ವಾರ ಮೌನವಾಗಿದ್ದ ಗ್ಲೋರಿಯಾವನ್ನು ಗಂಟೆಗಳ ನಾದದ ನಡುವೆ ಎಲ್ಲರೂ ಎದ್ದು ನಿಂತು ಹಾಡಿದಾಗ, ಪ್ರತಿವರ್ಷ ಆ ಗಳಿಗೆಯಲ್ಲಿ ನನಗೆ ಬರುತ್ತಿದ್ದುದು ನಿದ್ದೆ. ಈ ಬಾರಿ ಅಳು ಬಂತು. ಸುಟ್ಟ ಕೈ, ಮುಗಿದ ಕಡತಗಳು, ಹೆಗಲಿಗೆ ಹೆಗಲು ತಾಗಿಸಿ ನಿಂತ ಮೂವರು, ಉತ್ತರಿಸದ ಅಮ್ಮ ಎಲ್ಲವೂ ಆ ಹಾಡಿನೊಳಗೆ ಇದ್ದವು.

ಪೂಜೆಗೆ ಮುಂಚೆ ಅಮ್ಮನಿಂದ ಒಂದು ಕರೆ ಬಂದಿತ್ತು, ನಾನು ನೋಡಿರಲಿಲ್ಲ. ರಾತ್ರಿ ಒಂದೂವರೆಗೆ ಮರಳಿ ಮಾಡಿದೆ. ಹಬ್ಬದ ಶುಭಾಶಯ ಹೇಳಿದ ಮೇಲೆ ಕೇಳಿದರು: "ಅವರ ಮನೆಯಲ್ಲಿ ಮೊಟ್ಟೆ ತಿನ್ನುತ್ತಾರಾ?" ತಿನ್ನುವುದಿಲ್ಲ, ಮನೆಗೆ ತರುವುದೂ ಇಲ್ಲ ಎಂದೆ. "ಹಾಗಾದರೆ ಕೇಕ್ ಕಳಿಸಬೇಡ. ಕಿಡ್ಯೊ, ನೆವ್ರ್ಯೊ ಒಂದು ಡಬ್ಬದಲ್ಲಿ ಹಾಕಿಕೊಡು." ನಮ್ಮೂರಿನಲ್ಲಿ ಕ್ರಿಸ್‌ಮಸ್ ದಿನ ಹಿಂದೂ, ಮುಸ್ಲಿಂ ನೆರೆಮನೆಗಳಿಗೆ ಕುಸ್ವಾರಿನ ತಟ್ಟೆ ಹೋಗದೆ ಹಬ್ಬವಿಲ್ಲ. ಅಮ್ಮ ಆ ಮನೆಯನ್ನು ತಟ್ಟೆ ಹೋಗುವ ಮನೆಗಳ ಸಾಲಿಗೆ ಸೇರಿಸಿದ್ದರು.

ಡಬ್ಬ ಸಂಕ್ರಾಂತಿಯ ಮರುದಿನ ಹಿಂತಿರುಗಿತು, ಎಳ್ಳುಬೆಲ್ಲ ಮತ್ತು ಸಕ್ಕರೆ ಅಚ್ಚುಗಳನ್ನು ತುಂಬಿಕೊಂಡು. ಅಷ್ಟರಿಂದ ಎಲ್ಲವೂ ಸುಲಭವಾಗಲಿಲ್ಲ. ಅಪ್ಪನಿಗೆ ಈಸ್ಟರ್ ಕಳೆದ ಮೇಲೆ ಹೇಳಿದೆವು. ಅವರು ಇನ್ನೂ ಅವನ ಹೆಸರು ಹಿಡಿದು ಮಾತಾಡುವುದಿಲ್ಲ. ಇಗರ್ಜಿಯಲ್ಲಿ ಮದುವೆಯಾಗಬೇಕಾದರೆ ದೀಕ್ಷಾಸ್ನಾನವಾಗದವರ ಜೊತೆಗಿನ ವಿವಾಹಕ್ಕೆ ಬಿಷಪರ ಅನುಮತಿ ಬೇಕು. 1954ರ ವಿಶೇಷ ವಿವಾಹ ಕಾಯಿದೆಯಡಿ ಆಗುವುದಾದರೆ ಮೂವತ್ತು ದಿನಗಳ ನೋಟಿಸು. ಎರಡನ್ನೂ ಎರಡೂ ಮನೆಗಳ ಮುಂದಿಟ್ಟು ಮಾತಾಡುತ್ತಿದ್ದೇವೆ. ಅವಸರಪಡದಿರುವುದು ನಮ್ಮಿಬ್ಬರ ನಿರ್ಧಾರ.

ಈ ವರ್ಷ ರಜೆಯ ಅರ್ಜಿಯನ್ನು ಅಕ್ಟೋಬರಿನಲ್ಲೇ ಕೊಟ್ಟಿದ್ದೇನೆ, ಸಿಕ್ಕಿದೆ. ಅಚ್ಚು ಎಣ್ಣೆಯಲ್ಲಿ ಪಳಗಿದೆ. ರಮ್‌ನಲ್ಲಿ ಹಣ್ಣು ನವೆಂಬರ್ ಮೊದಲ ಭಾನುವಾರವೇ ನೆನೆದಿದೆ. ಹಾಸನದ ಮನೆಗೆ ಮೊಟ್ಟೆಯಿಲ್ಲದ ಕೇಕ್ ಬೇರೆಯಾಗಿ ಮಾಡಬೇಕು. ಅದರ ಹಣ್ಣಿಗೆ ಕಿತ್ತಳೆ ರಸ, ಮತ್ತು ರಸದಲ್ಲಿ ನೆನೆದ ಹಣ್ಣನ್ನು ಫ್ರಿಜ್ಜಿನಲ್ಲಿಯೂ ಬಹಳ ದಿನ ಇಡಲಾಗದು. ಆದ್ದರಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಡಿಸೆಂಬರ್ 20ರ ಚೌಕದಲ್ಲಿ, 3ಬಿ ಎಂದು ಬರೆದದ್ದರ ಕೆಳಗೆ, ಎರಡನೇ ಭರಣಿ ಎಂದು ಬರೆದಿಟ್ಟಿದ್ದೇನೆ.