ದೊಡ್ಡಮ್ಮನ ಮಂಚದಡಿಯ ಪೆಟ್ಟಿಗೆಗಳು

ಕೈಜಾರಿ ಉರುಳಿದ ಮಾತ್ರೆ ಡಬ್ಬಿ ಹುಡುಕಲು ದೊಡ್ಡಮ್ಮನ ಮಂಚದಡಿ ಬಗ್ಗಿದ್ದೆ. ಡಬ್ಬಿಗಿಂತ ಮೊದಲು ಒಂದು ರಟ್ಟಿನ ಪೆಟ್ಟಿಗೆ ಕೈಗೆ ತಗುಲಿತು. ಎಳೆದರೆ ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಎಣಿಸಿದಾಗ ಒಟ್ಟು 17. ಅದರಲ್ಲಿ 11 ಪೆಟ್ಟಿಗೆಗಳ ಟೇಪು ಕೂಡ ಕಿತ್ತಿರಲಿಲ್ಲ.

ಒಂದನ್ನು ಬಿಚ್ಚಿದೆ. ನೀಲಿ ಮಖಮಲ್ಲಿನ ಡಬ್ಬಿ, ಒಳಗೆ ಬಂಗಾರದ ಬಣ್ಣದ ದೊಡ್ಡ ನಾಣ್ಯ. ಜೊತೆಗೆ ದಪ್ಪ ಕಾಗದದ ಮೇಲೊಂದು ಪ್ರಮಾಣಪತ್ರ, ಮೂಲೆಯಲ್ಲಿ ಉಬ್ಬು ಮುದ್ರೆ. ನಡುವೆ ದೊಡ್ಡಮ್ಮನ ಪೂರ್ತಿ ಹೆಸರು ಬಳ್ಳಿಯಂಥ ಅಕ್ಷರಗಳಲ್ಲಿ ಅಚ್ಚಾಗಿತ್ತು.

ಅಷ್ಟರಲ್ಲಿ ಅವರು ಬಾಗಿಲಿಗೆ ಬಂದರು. "ಅದೆಲ್ಲ ನಿಮಗೇ ಕಣೋ. ಮುಂದೆ ಬೆಲೆ ಬರುತ್ತಂತೆ. ನಿನ್ನ ಮಕ್ಕಳ ಓದಿಗೆ ಆಗಲಿ ಅಂತ ತೆಗೆದಿಟ್ಟೆ" ಅಂದರು.

ಆ ಮಾತಿಗೆ ನಾನು ಕೊಟ್ಟ ಉತ್ತರ ನೆನೆದರೆ ಈಗಲೂ ಸಂಕಟವಾಗುತ್ತದೆ. "ನಿಮಗೆ ಬುದ್ಧಿ ಇದೆಯಾ ದೊಡ್ಡಮ್ಮ? ಇಷ್ಟು ದುಡ್ಡು ನೀರಿಗೆ ಹಾಕಿದ್ದೀರಲ್ಲ" ಅಂತ ಕೂಗಾಡಿಬಿಟ್ಟೆ. ಅವರು ಏನೂ ಹೇಳಲಿಲ್ಲ. ನಾಣ್ಯವನ್ನು ನನ್ನ ಕೈಯಿಂದ ತೆಗೆದುಕೊಂಡು, ಸೆರಗಿನಲ್ಲಿ ಒರೆಸಿ, ಡಬ್ಬಿಯಲ್ಲಿಟ್ಟು ಮುಚ್ಚಿದರು.

ಮುಂದಿನ ಎರಡು ತಿಂಗಳು ಮನೆಗೆ ಒಂದು ಪಾರ್ಸೆಲ್ಲೂ ಬರಲಿಲ್ಲ. ಬೈದದ್ದು ನಾಟಿತು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಪಾರ್ಸೆಲ್‌ಗಳು ಪಕ್ಕದ ಮನೆಯವರ ಹೆಸರಿಗೆ ಬರುತ್ತಿದ್ದವು. ನಾನು ಕೆಲಸಕ್ಕೆ ಹೋದ ಮೇಲೆ ಇವರು ಹೋಗಿ ತರುತ್ತಿದ್ದರು. ಮಂಡಿ ನೋವಿನವರು, ಮೆಟ್ಟಿಲು ಇಳಿದು ಹತ್ತಿ.

ನನ್ನಂಥ ಪರಿಸ್ಥಿತಿಯಲ್ಲಿ ಇರುವವರಿಗೆ ಮೊದಲು ಹೇಳಬೇಕಾದದ್ದು ಇದೇ. ದಯವಿಟ್ಟು ಬೈಯಬೇಡಿ. ಬೈದರೆ ಕೊಳ್ಳುವುದು ನಿಲ್ಲುವುದಿಲ್ಲ, ನಿಮಗೆ ಹೇಳುವುದು ನಿಲ್ಲುತ್ತದೆ. ಮನೆಯವರಿಂದ ಮುಚ್ಚಿಡುವ ಗುಟ್ಟೊಂದು ಹುಟ್ಟಿದರೆ ಮಾರುವವನಿಗೆ ಅದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಎರಡನೇ ಸಲ ಬೇರೆ ರೀತಿ ಶುರು ಮಾಡಿದೆ. ಒಂದು ವಾರ ರಜೆ ಹಾಕಿ ಸುಮ್ನೆ ಅವರ ಜೊತೆ ಇದ್ದೆ. ಮೂರನೇ ದಿನ ಮಧ್ಯಾಹ್ನ ಫೋನ್ ಬಂತು. ದೊಡ್ಡಮ್ಮನಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ. ಆ ಕಡೆ ಒಬ್ಬ ಹುಡುಗ. "ಅಮ್ಮಾ, ಮಂಡಿ ನೋವು ಹೇಗಿದೆ? ಡಾಕ್ಟರ್ ಹೊಸ ಮಾತ್ರೆ ಕೊಟ್ಟರು ಅಂದಿದ್ರಲ್ಲ, ಒಗ್ಗಿತಾ?" ಅಂತ ಕೇಳಿದ. ತೀರಿಹೋದ ದೊಡ್ಡಪ್ಪನ ಹೆಸರು ಅವನಿಗೆ ಗೊತ್ತಿತ್ತು. ನನ್ನ ಮಗಳು ಯಾವ ಕ್ಲಾಸು ಅಂತಲೂ ಗೊತ್ತಿತ್ತು. ಗಡಿಯಾರ ನೋಡುತ್ತಿದ್ದೆ. 14 ನಿಮಿಷದ ಮಾತಿನಲ್ಲಿ ಮೊದಲ 9 ನಿಮಿಷ ವ್ಯಾಪಾರದ ಸುದ್ದಿಯೇ ಇಲ್ಲ. ಆಮೇಲೆ ಮೆಲ್ಲಗೆ, "ನಿಮ್ಮ ಸೆಟ್‌ನಲ್ಲಿ ಆರನೇ ನಾಣ್ಯ ಒಂದೇ ಬಾಕಿ ಅಮ್ಮಾ. ಬೇರೆಯವರು ಕೇಳ್ತಿದ್ದಾರೆ, ನಿಮಗೆ ಅಂತ ಎತ್ತಿಟ್ಟಿದ್ದೀನಿ" ಅಂದ.

ಆ ವಾರ ನಾನು ಮನೆಯಲ್ಲಿ ಇಲ್ಲದಿದ್ದರೆ ದೊಡ್ಡಮ್ಮನ ಮಂಡಿ ಬಗ್ಗೆ ಕೇಳಿದ ಒಬ್ಬನೇ ಮನುಷ್ಯ ಅವನಾಗಿರುತ್ತಿದ್ದ. ಈ ಮಾತು ನನ್ನನ್ನು ಚುಚ್ಚಿತು, ಇವತ್ತಿಗೂ ಚುಚ್ಚುತ್ತದೆ.

ಈ ವ್ಯಾಪಾರ ನಡೆಯುವ ಬಗೆಯನ್ನು ನಾನು ಕೂತು ತಿಳಿದುಕೊಂಡೆ. ಸಂಗ್ರಹಕ್ಕೆಂದೇ ವಸ್ತು ಮಾಡಿ ಮಾರುವುದು ಹೊಸದೇನಲ್ಲ. ಡೆನ್ಮಾರ್ಕಿನ ಬಿಂಗ್ ಅಂಡ್ ಗ್ರೋಂಡಾಲ್ ಅನ್ನುವ ಕಂಪನಿ 1895ರಲ್ಲೇ ಪಿಂಗಾಣಿಯ ಕ್ರಿಸ್‌ಮಸ್ ತಟ್ಟೆ ತಂದಿತ್ತು. ಆಮೇಲೆ ವರ್ಷಕ್ಕೊಂದು ಹೊಸ ತಟ್ಟೆ ಬರತೊಡಗಿತು. ಇಷ್ಟಪಟ್ಟು ಕೂಡಿಸುವವರಿಗೆ ಅದರಲ್ಲಿ ನಿಜವಾದ ಖುಷಿ ಇದೆ, ಅದನ್ನು ನಾನು ತಪ್ಪು ಅನ್ನುವುದಿಲ್ಲ. ತೊಂದರೆ ಇರುವುದು ಸರಣಿಯ ಒಪ್ಪಂದದಲ್ಲಿ. ಮೊದಲ ತುಂಡು ಬಹಳ ಅಗ್ಗ, ಕೆಲವೊಮ್ಮೆ ಬಿಟ್ಟಿ. ಅದನ್ನು ತೆಗೆದುಕೊಂಡರೆ ಉಳಿದವು ತಿಂಗಳಿಗೊಂದರಂತೆ ಪೂರ್ತಿ ಬೆಲೆಗೆ ಬರುತ್ತವೆ. ಬೇಡ ಅಂತ ನೀವೇ ತಿಳಿಸಬೇಕು, ಸುಮ್ಮನಿದ್ದರೆ ಒಪ್ಪಿದಂತೆ. ಅಮೆರಿಕದಲ್ಲಿ ವ್ಯಾಪಾರದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಇಂಥ ವ್ಯಾಪಾರಕ್ಕೆ 1973ರಲ್ಲೇ ನಿಯಮ ಮಾಡಿತು. ಬೇಡ ಅನ್ನಲು ಕಡೇಪಕ್ಷ 10 ದಿನ ಕೊಡಬೇಕು ಅಂತ ಅದರಲ್ಲಿದೆ. ಆದರೆ ವಯಸ್ಸಾದವರಿಗೆ 10 ದಿನ ಹೇಗೆ ಕಳೆಯುತ್ತದೆ ಅಂತ ನಮಗೆ ಗೊತ್ತಲ್ವಾ? ಕಾಗದ ಮೇಜಿನ ಮೇಲೆ ಇರುತ್ತದೆ, ಕನ್ನಡಕ ಬೇರೆ ಕೋಣೆಯಲ್ಲಿ ಇರುತ್ತದೆ.

'ಸೀಮಿತ ಸಂಖ್ಯೆ' ಅನ್ನುವ ಮಾತನ್ನೂ ಬಿಡಿಸಿ ನೋಡಬೇಕು. ಕೆಲವು ತಟ್ಟೆಗಳ ಹಿಂದೆ 'ಇಷ್ಟು ಸುಡುವ ದಿನಗಳಿಗೆ ಸೀಮಿತ' ಅಂತ ಇರುತ್ತದೆ. ಅಂದರೆ ಕುಲುಮೆಯಲ್ಲಿ ಸುಡುವ ದಿನಗಳಿಗೆ ಮಿತಿ ಇದೆ. ದಿನಕ್ಕೆ ಎಷ್ಟು ಸಾವಿರ ತಟ್ಟೆ ಸುಡುತ್ತಾರೆ ಅನ್ನುವುದಕ್ಕೆ ಮಿತಿ ಇಲ್ಲ.

ಇದನ್ನೆಲ್ಲ ದೊಡ್ಡಮ್ಮನಿಗೆ ಭಾಷಣದ ಹಾಗೆ ಹೇಳಲಿಲ್ಲ. ಅವರು 30 ವರ್ಷ ಮನೆ ಲೆಕ್ಕ ಬರೆದವರು. ಹಾಗಾಗಿ ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸಿದೆ. ಸ್ಕೇಲಿಟ್ಟು ನಾಣ್ಯ ಅಳೆದೆವು. ಅಗಲ 40 ಮಿಲಿಮೀಟರ್, ದಪ್ಪ 3. ಎರಡು ಮುಖ ಮತ್ತು ಅಂಚು ಸೇರಿ ಸುಮಾರು 29 ಚದರ ಸೆಂಟಿಮೀಟರ್. ಪ್ರಮಾಣಪತ್ರದ ಮುಂಬದಿಯಲ್ಲಿ '24 ಕ್ಯಾರಟ್ ಚಿನ್ನ' ಅಂತ ದಪ್ಪಕ್ಷರ. ಹಿಂಬದಿಯಲ್ಲಿ ಭೂತಗನ್ನಡಿ ಹಿಡಿದು ಹುಡುಕಿದಾಗ ಸಿಕ್ಕ ಸಾಲು, ಲೇಪನ 0.1 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಕ್ಯಾರಟ್ ಅನ್ನುವುದು ಚಿನ್ನ ಎಷ್ಟು ಶುದ್ಧ ಅಂತ ಹೇಳುತ್ತದೆಯೇ ಹೊರತು ಎಷ್ಟು ಇದೆ ಅಂತ ಹೇಳುವುದಿಲ್ಲ. ಒಂದು ಘನ ಸೆಂಟಿಮೀಟರ್ ಚಿನ್ನ 19.3 ಗ್ರಾಂ ತೂಗುತ್ತದೆ. ಗುಣಿಸುತ್ತಾ ಹೋದರೆ ಇಡೀ ನಾಣ್ಯದ ಮೇಲಿರುವ ಚಿನ್ನ 6 ಮಿಲಿಗ್ರಾಂಗೂ ಕಡಿಮೆ. ಒಂದೇ ಒಂದು ಗ್ರಾಂ ಆಗಬೇಕಾದರೆ ಇಂಥ ಸುಮಾರು 180 ನಾಣ್ಯ ಬೇಕು.

ದೊಡ್ಡಮ್ಮ ಆ ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದರು. ತುಂಬಾ ಹೊತ್ತು ಸುಮ್ಮನಿದ್ದು, "ಆ ಹುಡುಗ ಹೀಗಂತ ಹೇಳಲೇ ಇಲ್ಲ" ಅಂದರು. ನಾನು ಒಂದು ಮಾತೂ ಸೇರಿಸಲಿಲ್ಲ. ಸೇರಿಸಿದ್ದರೆ ಅದು ನನ್ನ ಲೆಕ್ಕ ಆಗಿಬಿಡುತ್ತಿತ್ತು.

ಮಾರನೇ ದಿನ "ಇದನ್ನು ನಿಲ್ಲಿಸೋದು ಹೇಗೆ?" ಅಂತ ಅವರೇ ಕೇಳಿದರು. ಅಲ್ಲಿಂದ ಮುಂದಿನದು ಕಾಗದದ ಕೆಲಸ. ಎಲ್ಲ ಕಡೆ ಸಹಿ ಅವರದೇ, ನಾನು ಬರೆದುಕೊಟ್ಟೆ ಅಷ್ಟೆ.

ಮೊದಲು ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿದೆವು. ನಾವು ಒಂದು ಕಂಪನಿ ಅಂದುಕೊಂಡಿದ್ದೆವು, ನೋಡಿದರೆ ನಾಲ್ಕು ಹೆಸರುಗಳಿದ್ದವು. ಒಮ್ಮೆ ಕೊಂಡವರ ಹೆಸರು, ವಿಳಾಸ ಇರುವ ಪಟ್ಟಿಗಳೇ ಕೈಯಿಂದ ಕೈಗೆ ಮಾರಾಟವಾಗುತ್ತವೆ. ಹಾಗಾಗಿ ಒಂದರ ಹಿಂದೆ ಇನ್ನೊಂದು ಬರುತ್ತದೆ. ನಾಲ್ಕಕ್ಕೂ ಒಂದೇ ಒಕ್ಕಣೆಯ ಪತ್ರ ಬರೆದೆವು. ನನ್ನ ಎಲ್ಲ ಸರಣಿಗಳನ್ನು ಈ ದಿನಾಂಕದಿಂದ ರದ್ದು ಮಾಡಿ, ಇನ್ನು ಏನನ್ನೂ ಕಳಿಸಬೇಡಿ, ಫೋನ್ ಮಾಡಬೇಡಿ, ನನ್ನ ಹೆಸರು ಮತ್ತು ವಿಳಾಸ ಅಳಿಸಿ, ಬೇರೆಯವರಿಗೆ ಕೊಡಬೇಡಿ. ಅಷ್ಟೇ. ಕಾರಣ ಬರೆಯಲಿಲ್ಲ. ಕಾರಣ ಕೊಟ್ಟರೆ ಅದಕ್ಕೊಂದು ಉತ್ತರ ಹೇಳಲು ಮತ್ತೆ ಫೋನ್ ಬರುತ್ತದೆ. ತಲುಪಿದ್ದಕ್ಕೆ ಸಹಿ ಬರುವಂಥ ಅಂಚೆಯಲ್ಲೇ ಕಳಿಸಿ, ಪ್ರತಿಯನ್ನೂ ರಸೀದಿಯನ್ನೂ ಒಂದು ಫೈಲಿನಲ್ಲಿಟ್ಟೆವು. ಮೂರು ಕಂಪನಿಗಳು ತೆಪ್ಪಗಾದವು. ನಾಲ್ಕನೆಯದು 'ನೀವು ಪೂರ್ತಿ ಸೆಟ್ ಕೊಳ್ಳಲು ಒಪ್ಪಿದ್ದೀರಿ, ಬಾಕಿ ಇದೆ' ಅಂತ ಬರೆಯಿತು. ಒಪ್ಪಿದ ದಾಖಲೆ ಕಳಿಸಿ ಅಂತ ತಿರುಗಿ ಬರೆದೆವು. ದಾಖಲೆ ಬರಲಿಲ್ಲ, ಆಮೇಲೆ ಬಾಕಿಯ ಮಾತೂ ಬರಲಿಲ್ಲ.

ಕಾರ್ಡಿನ ವಿಷಯದಲ್ಲಿ ನಾನು ಎಡವಿದೆ, ಅದನ್ನು ಬಿಡಿಸಿ ಹೇಳುತ್ತೇನೆ. ಹಳೇ ಕಾರ್ಡ್ ರದ್ದು ಮಾಡಿಸಿ ಹೊಸದು ತರಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಮುಂದಿನ ತಿಂಗಳು ಹೊಸ ಕಾರ್ಡಿನಿಂದಲೇ ದುಡ್ಡು ಹೋಯಿತು! ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲಗಳಲ್ಲಿ ಹೊಸ ಕಾರ್ಡಿನ ವಿವರವನ್ನು ವ್ಯಾಪಾರಿಗೆ ತಾನಾಗಿ ತಲುಪಿಸುವ ವ್ಯವಸ್ಥೆ ಹಲವು ಕಡೆ ಇದೆ. ನಿಯಮಿತ ಪಾವತಿ ತಪ್ಪಬಾರದು ಅಂತ ಮಾಡಿದ್ದು. ಆದ್ದರಿಂದ ಬ್ಯಾಂಕಿನಲ್ಲಿ 'ಕಾರ್ಡ್ ಬದಲಿಸಿ' ಅಂದರೆ ಸಾಲದು. 'ಇಂಥ ವ್ಯಾಪಾರಿಗೆ ತಾನಾಗಿ ದುಡ್ಡು ಕಡಿತವಾಗಲು ಕೊಟ್ಟ ಅನುಮತಿ ವಾಪಸ್ ತೆಗೆದುಕೊಂಡಿದ್ದೇನೆ' ಅಂತ ಬರೆದುಕೊಡಬೇಕು. ಜೊತೆಗೆ ಖಾತೆಯಿಂದ ದುಡ್ಡು ಹೋದಾಗಲೆಲ್ಲ ನನ್ನ ಫೋನಿಗೂ ಮೆಸೇಜ್ ಬರುವಂತೆ ಮಾಡಿಸಿದೆವು. ಅದು ದೊಡ್ಡಮ್ಮ ಒಪ್ಪಿದ ಮೇಲೆ, ಅವರ ಎದುರಿಗೇ. ಖಾತೆ ನಡೆಸುವ ಹಕ್ಕು ನನಗೆ ಬೇಡ ಅಂದೆ. ಅವರ ದುಡ್ಡು, ಅವರೇ ನಡೆಸಲಿ.

ಕಾನೂನಿನ ಬಗ್ಗೆ ಎರಡು ಮಾತು. ಕೇಳದೆ ಕಳಿಸಿದ ವಸ್ತುವಿಗೆ ದುಡ್ಡು ಕೊಡಬೇಕಿಲ್ಲ ಅಂತ ಅಮೆರಿಕದಲ್ಲಿ 1970ರಿಂದ, ಬ್ರಿಟನ್ನಿನಲ್ಲಿ 1971ರಿಂದ ಕಾನೂನು ಇದೆ. ಆದರೆ ಸರಣಿಗೆ ಒಮ್ಮೆ ಹೂಂ ಅಂದಿದ್ದರೆ ಅದು ಕೇಳದೆ ಬಂದದ್ದು ಅನ್ನಿಸಿಕೊಳ್ಳುವುದಿಲ್ಲ. ಅಂಥ ಕಡೆ ಕೆಲಸಕ್ಕೆ ಬರುವುದು ವಾಪಸ್ ಕಳಿಸುವ ಅವಧಿ. ಅಂಗಡಿಗೆ ಹೋಗದೆ ಫೋನಿನಲ್ಲೋ ಅಂಚೆಯಲ್ಲೋ ದೂರದಿಂದ ಕೊಂಡ ಹೆಚ್ಚಿನ ವಸ್ತುಗಳನ್ನು ಕಾರಣ ಹೇಳದೆ 14 ದಿನದೊಳಗೆ ಹಿಂತಿರುಗಿಸಬಹುದು ಅಂತ ಐರೋಪ್ಯ ಒಕ್ಕೂಟದ 2011ರ ನಿರ್ದೇಶನ ಹೇಳುತ್ತದೆ. ನೀವಿರುವ ಕಡೆ ಎಷ್ಟು ದಿನ ಅಂತ ನೋಡಿಕೊಳ್ಳಿ, ಪೆಟ್ಟಿಗೆ ಬಂದ ತಾರೀಕನ್ನು ಅದರ ಮೇಲೇ ಬರೆದಿಡಿ. ಹೊಸ ಪಾರ್ಸೆಲ್ ಬಂದರೆ ಬಾಗಿಲಲ್ಲೇ ಬೇಡ ಅಂದು ವಾಪಸ್ ಕಳಿಸುವುದು ಎಲ್ಲಕ್ಕಿಂತ ಸುಲಭ. ಅದಕ್ಕೆ ಪಕ್ಕದ ಮನೆಯವರ ಸಹಾಯವನ್ನೂ ಕೇಳಿದೆವು. ಅವರಿಗೆ ಪಾಪ ಏನೂ ಗೊತ್ತಿರಲಿಲ್ಲ.

ಒಡೆಯದ 11 ಪೆಟ್ಟಿಗೆಗಳಲ್ಲಿ 4 ವಾಪಸ್ ಹೋದವು. ಉಳಿದದ್ದಕ್ಕೆ ಅವಧಿ ಮೀರಿತ್ತು. ಹಳೇ ನಾಣ್ಯದ ವ್ಯಾಪಾರಿಯೊಬ್ಬರಿಗೆ ತೋರಿಸಿದೆವು. ಅವರು ಗೌರವದಿಂದಲೇ ಮಾತಾಡಿಸಿ, "ಇದಕ್ಕೆ ಕೊಳ್ಳುವವರು ಇಲ್ಲ ತಾಯಿ" ಅಂದರು. ಈ ಸುದ್ದಿಯನ್ನು ನನ್ನ ಬಾಯಿಂದ ಕೇಳದೆ ಅವರ ಬಾಯಿಂದ ಕೇಳಿದ್ದು ಒಳ್ಳೆಯದಾಯಿತು.

ಇದಾಗಿ ಸ್ವಲ್ಪ ದಿನಕ್ಕೆ ಇನ್ನೊಂದು ಫೋನ್. "ನಿಮ್ಮ ಪೂರ್ತಿ ಸಂಗ್ರಹ ದೊಡ್ಡ ಬೆಲೆಗೆ ಕೊಳ್ಳುವವರಿದ್ದಾರೆ, ನೋಂದಣಿ ಶುಲ್ಕ ಮಾತ್ರ ಮುಂಚೆ ಕಟ್ಟಿ." ಇದು ಮೊದಲಿನದಕ್ಕಿಂತ ಅಪಾಯ. ದುಡ್ಡು ಕಳೆದುಕೊಂಡವರನ್ನೇ ಹುಡುಕಿ ಬರುತ್ತಾರೆ. ಮುಂಗಡ ಕೇಳಿದರೆ ಫೋನ್ ಇಡುವುದು, ಅಷ್ಟೇ.

ಡಾಕ್ಟರ ಹತ್ತಿರವೂ ಒಮ್ಮೆ ಹೋಗಿ ಬಂದೆವು. ದುಡ್ಡಿನ ವ್ಯವಹಾರದಲ್ಲಿ ಎಡವುವುದು ಮರೆವಿನ ಕಾಯಿಲೆಯ ಆರಂಭದ ಲಕ್ಷಣ ಇರಬಹುದು. ದೊಡ್ಡಮ್ಮನಿಗೆ ಹಾಗೇನೂ ಇರಲಿಲ್ಲ. ಒಂಟಿತನ ಇತ್ತು.

ಅದಕ್ಕೆ ಪತ್ರ ಬರೆದು ಪರಿಹಾರ ಇಲ್ಲ. ಆ ಹುಡುಗ ಫೋನ್ ಮಾಡುತ್ತಿದ್ದ ಹೊತ್ತಿಗೆ, ಅಂದರೆ ಮಧ್ಯಾಹ್ನ ಮೂರಕ್ಕೆ, ದಿನಾ ನಾನು ಫೋನ್ ಮಾಡುತ್ತೇನೆ. ಸೋಮವಾರ, ಗುರುವಾರ ನನ್ನ ತಂಗಿಯ ಸರದಿ. ಮಂಡಿಯಿಂದಲೇ ಮಾತು ಶುರು. ಮೊದಮೊದಲು ಐದು ನಿಮಿಷಕ್ಕೆ ಮಾತು ಮುಗಿಯುತ್ತಿತ್ತು. ಈಗ ದೊಡ್ಡಪ್ಪ ಮೊದಲ ಸಲ ಸೈಕಲ್ ಕೊಂಡ ಕತೆಯೆಲ್ಲ ಹೊರಗೆ ಬರುತ್ತಿದೆ. ನನ್ನ ಮಗಳು ಅದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ.

ಪೂರ್ತಿ ನಿಂತಿತು ಅಂತ ಹೇಳಲಾರೆ. ನಾಲ್ಕು ತಿಂಗಳ ಹಿಂದೆ ಒಂದು ಪಿಂಗಾಣಿ ಗುಬ್ಬಿ ತರಿಸಿದ್ದರು. ಆದರೆ ಅವತ್ತೇ ಸಂಜೆ ಫೋನ್ ಮಾಡಿ, "ಲೋ, ಒಂದು ತಪ್ಪು ಮಾಡಿಬಿಟ್ಟೆ ಕಣೋ, ಬೈಬೇಡ" ಅಂದರು. "ಬೈಯಲ್ಲ ದೊಡ್ಡಮ್ಮ, ಪೆಟ್ಟಿಗೆ ಮೇಲೆ ತಾರೀಕು ಬರೆದಿದ್ದೀರಾ?" ಅಂತ ಕೇಳಿದೆ. ಬರೆದಿದ್ದರು. ಶನಿವಾರ ಇಬ್ಬರೂ ಸೇರಿ ಗುಬ್ಬಿಯನ್ನು ಮತ್ತೆ ಹತ್ತಿಯಲ್ಲಿ ಸುತ್ತಿ ವಾಪಸ್ ಕಳಿಸಿದೆವು.