ತಾನೇ ರೀಸ್ಟಾರ್ಟ್ ಆಗುವ ಫೋನು ಮತ್ತು ಸೆಕ್ರೆಟರಿಯವರ ಷರಾ

ಒಡೆದ ಡಿಸ್‌ಪ್ಲೇ, ನೀರಿಗೆ ಬಿದ್ದ ಸೆಟ್ಟು, ಚಾರ್ಜ್ ಹತ್ತದ ಪಿನ್ನು ಯಾವುದೇ ಬರಲಿ, ನನಗೆ ಬೇಸರವಿಲ್ಲ. ಕಾಯಿಲೆ ಕಣ್ಣಿಗೆ ಕಾಣುತ್ತದೆ, ಮದ್ದು ಡ್ರಾಯರಿನಲ್ಲಿರುತ್ತದೆ. "ತಾನೇ ಆಫ್ ಆಗಿ ತಾನೇ ಆನ್ ಆಗುತ್ತದೆ" ಎಂದು ಯಾರಾದರೂ ಫೋನು ಮುಂದಿಟ್ಟರೆ ಮಾತ್ರ ಮನಸ್ಸಿನಲ್ಲೇ ಒಂದು ನಿಟ್ಟುಸಿರು ಬಿಡುತ್ತೇನೆ. ಮನೆಯಲ್ಲಿ ದಿನಕ್ಕೆ ಆರು ಸಲ ರಂಪ ಮಾಡಿದ ಫೋನು ನನ್ನ ಮೇಜಿನ ಮೇಲೆ ಬಂದು ಕುಳಿತೊಡನೆ ಸಂಭಾವಿತನಾಗಿಬಿಡುತ್ತದೆ. ಇಡೀ ದಿನ ಕಾದರೂ ಒಮ್ಮೆಯೂ ಆರುವುದಿಲ್ಲ. ಸಂಜೆ ಗಿರಾಕಿ ಬಂದು "ಏನಾಯಿತಪ್ಪಾ?" ಎಂದು ಕೇಳಿದರೆ ಹೇಳಲು ಏನೂ ಇರುವುದಿಲ್ಲ.

ಚನ್ನರಾಯಪಟ್ಟಣದಲ್ಲಿ ಅಂಗಡಿ ತೆರೆದು ಹನ್ನೊಂದು ವರ್ಷವಾಯಿತು. ಇಷ್ಟು ವರ್ಷದಲ್ಲಿ ಇಂಥ ಫೋನುಗಳ ಬಗ್ಗೆ ನಾನು ಕಲಿತದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಒಂದೇ ಫೋನು ಕಲಿಸಿತು. ಅದು ಹತ್ತಿರದ ಹಳ್ಳಿಯೊಂದರ ಹಾಲಿನ ಡೇರಿಯ ಕಾರ್ಯದರ್ಶಿಯವರದು. ಊರಿನಲ್ಲಿ ಅವರ ಹೆಸರು ಹೇಳುವವರಿಲ್ಲ, ಎಲ್ಲರಿಗೂ ಅವರು "ಸೆಕ್ರೆಟರಿ". ಮೂರೂವರೆ ವರ್ಷದ ಆಂಡ್ರಾಯ್ಡ್ ಫೋನು, ಮೇಲೆ ದಪ್ಪ ರಬ್ಬರಿನ ಕವರು. ನನಗಿಂತ ಮೊದಲು ಎರಡು ಅಂಗಡಿಗಳಲ್ಲಿ ಅದನ್ನು ಫಾರ್ಮ್ಯಾಟ್ ಮಾಡಿದ್ದರು. ಎರಡನೆಯ ಸಲ ಅವರ ಮೊಮ್ಮಗಳ ನಾಮಕರಣದ ಫೋಟೊಗಳೆಲ್ಲ ಹೋಗಿದ್ದವು. ಅದನ್ನು ಹೇಳುವಾಗ ಅವರು ಸಿಟ್ಟು ಮಾಡಲಿಲ್ಲ, ಸುಮ್ಮನೆ ಫೋನಿನ ಕಡೆ ನೋಡಿದರು. ಕಾರಣ ಗೊತ್ತಾಗುವ ಮೊದಲೇ ಫಾರ್ಮ್ಯಾಟ್ ಮಾಡುವವರ ಮೇಲೆ ನನಗಿರುವ ಸಿಟ್ಟು ಅಂದಿನಿಂದ ಇನ್ನಷ್ಟು ಹೆಚ್ಚಾಗಿದೆ.

"ಯಾವಾಗ ಆಗುತ್ತದೆ ಸೆಕ್ರೆಟರಿಯವರೇ?"

"ಯಾವಾಗಲೂ ಆಗುತ್ತದಪ್ಪಾ."

ಗಿರಾಕಿಗಳು ಕೊಡುವ ಉತ್ತರವೇ ಇದು. ಅಂದು ನಾನು ಅದನ್ನು ಹಾಗೆಯೇ ಒಪ್ಪಿಕೊಂಡು ಕೆಲಸ ಶುರು ಮಾಡಿದೆ. ಮೊದಲ ತಪ್ಪು ಅಲ್ಲೇ ಆಯಿತು.

ರೀಸ್ಟಾರ್ಟ್‌ನಲ್ಲಿ ಎರಡು ಜಾತಿ. ಮೊದಲಿಗೆ ನಾನು ನೋಡುವುದು ಅದನ್ನೇ. ಸೆಟ್ಟಿಂಗ್ಸ್‌ನಲ್ಲಿ ಫೋನಿನ ಬಗೆಗಿನ ವಿವರಗಳ ಒಳಗೆ "ಅಪ್ ಟೈಮ್" ಎಂಬ ಲೆಕ್ಕವಿರುತ್ತದೆ. ಫೋನು ಎದ್ದು ಎಷ್ಟು ಹೊತ್ತಾಯಿತು ಎಂದು ಅದು ತೋರಿಸುತ್ತದೆ. ಪರದೆ ಆರಿ, ಕಂಪನಿಯ ಲೋಗೊ ಬಂದು, ಅಪ್ ಟೈಮ್ ಸೊನ್ನೆಯಿಂದ ಶುರುವಾಗಿದ್ದರೆ ಫೋನು ಪೂರ್ತಿ ಬಿದ್ದು ಎದ್ದಿದೆ ಎಂದರ್ಥ. ಲೋಗೊ ಬಾರದೆ ಬರೀ ಕುಣಿಯುವ ಚಿತ್ರವಷ್ಟೇ ಬಂದು, ಅಪ್ ಟೈಮ್ ಹಿಂದಿನ ಲೆಕ್ಕವನ್ನೇ ಮುಂದುವರಿಸಿದ್ದರೆ ಆಂಡ್ರಾಯ್ಡಿನ ಮೇಲಿನ ಪದರ ಮಾತ್ರ ಕುಸಿದಿದೆ, ಕೆಳಗಿನ ಬುನಾದಿ ಅಲುಗಿಲ್ಲ. ಈ ಎರಡನೆಯ ಜಾತಿಯಲ್ಲಿ ನಾನು ಬೋರ್ಡಿಗೆ ಕೈ ಹಾಕುವುದೇ ಇಲ್ಲ. ಜಾಗ ತುಂಬಿಹೋದ ಮೆಮೊರಿ, ಎಲ್ಲಿಂದಲೋ ಇಳಿಸಿಕೊಂಡ ಆ್ಯಪು, ಅರ್ಧಕ್ಕೆ ನಿಂತ ಅಪ್‌ಡೇಟು, ಇವೇ ಅಲ್ಲಿ ಸಾಮಾನ್ಯ ಅಪರಾಧಿಗಳು. ಸೇಫ್ ಮೋಡಿನಲ್ಲಿ ಒಂದು ದಿನ ಓಡಿಸಿದರೆ, ನಾವು ಹಾಕಿಕೊಂಡ ಆ್ಯಪುಗಳೆಲ್ಲ ಮಲಗಿರುವುದರಿಂದ, ತೊಂದರೆ ಅವುಗಳದ್ದೋ ಅಲ್ಲವೋ ಗೊತ್ತಾಗುತ್ತದೆ.

ಸೆಕ್ರೆಟರಿಯವರ ಫೋನು ಮೊದಲನೆಯ ಜಾತಿಯದು. ಪೂರ್ತಿ ಬಿದ್ದು ಏಳುತ್ತಿತ್ತು. ಎರಡು ಸಲ ಫಾರ್ಮ್ಯಾಟ್ ಆದ ಮೇಲೂ ಹೀಗೇ ಎಂದರೆ ಸಾಫ್ಟ್‌ವೇರ್ ಅಲ್ಲ ಎಂದುಕೊಂಡೆ. ಕವರು ತೆಗೆದೆ, ಸಿಮ್ಮು, ಮೆಮೊರಿ ಕಾರ್ಡು ತೆಗೆದೆ, ಎರಡು ಗಂಟೆ ಇಟ್ಟೆ. ಏನೂ ಆಗಲಿಲ್ಲ. ಹಿಂಬದಿ ಬಿಚ್ಚಿ ಬ್ಯಾಟರಿಗೆ ಮೀಟರು ಹಿಡಿದೆ.

ಬ್ಯಾಟರಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಳೆಯ ಫೋನು ಹೀಗೆ ಮಾಡಿದಾಗ ಹೆಚ್ಚಿನ ಸಲ ಅದೇ ಕಾರಣ. "ಇನ್ನೂ ನಲವತ್ತು ಪರ್ಸೆಂಟ್ ಇತ್ತು, ಹೇಗೆ ಆಫ್ ಆಗುತ್ತದೆ?" ಎಂದು ಜನ ವಾದ ಮಾಡುತ್ತಾರೆ. ಪರ್ಸೆಂಟ್ ಎನ್ನುವುದು ಫೋನು ಹಾಕಿಕೊಂಡ ಅಂದಾಜು. ಬೋರ್ಡಿಗೆ ಬೇಕಾಗಿರುವುದು ವೋಲ್ಟು. ಬೇಸಿಗೆಯ ಬೋರ್‌ವೆಲ್ಲಿನ ಹಾಗೆ ಯೋಚಿಸಿ: ಕೆಳಗೆ ನೀರಿದೆ, ಆದರೆ ಮೋಟಾರು ಎಳೆಯುವ ವೇಗಕ್ಕೆ ಒಸರು ಸಾಲುವುದಿಲ್ಲ, ಪೈಪು ಗೊರಗೊರ ಎಂದು ಗಾಳಿ ಕಕ್ಕುತ್ತದೆ. ಬ್ಯಾಟರಿ ಹಳೆಯದಾದಂತೆ ಅದರ ಒಳಗಿನ ರೋಧ ಹೆಚ್ಚುತ್ತದೆ. ಕ್ಯಾಮೆರಾ ಫ್ಲ್ಯಾಶ್ ಹೊಡೆದಾಗ, ಸಿಗ್ನಲ್ ಕಡಿಮೆ ಇರುವ ಕಡೆ ಕರೆ ಮಾಡಿದಾಗ ಫೋನು ಒಮ್ಮೆಲೇ ಹೆಚ್ಚು ಕರೆಂಟು ಎಳೆಯುತ್ತದೆ, ವೋಲ್ಟು ಕ್ಷಣಮಾತ್ರಕ್ಕೆ ಕುಸಿಯುತ್ತದೆ, ಬೋರ್ಡು ಆರುತ್ತದೆ. ಚಳಿಯಲ್ಲಿ ಇದು ಇನ್ನೂ ಹೆಚ್ಚು. 2017ರ ಡಿಸೆಂಬರಿನಲ್ಲಿ ಆಪಲ್ ಕಂಪನಿ ಹಳೆಯ ಐಫೋನುಗಳ ವೇಗವನ್ನು ತಾನೇ ತಗ್ಗಿಸಿದ್ದಾಗಿ ಒಪ್ಪಿಕೊಂಡಿತಲ್ಲ, ಅದಕ್ಕೆ ಕೊಟ್ಟ ಕಾರಣವೂ ಇದೇ: ಸೋತ ಬ್ಯಾಟರಿಯಿಂದ ಒಮ್ಮೆಲೇ ಹೆಚ್ಚು ಎಳೆದರೆ ಫೋನು ಹಠಾತ್ತಾಗಿ ಆರಿಬಿಡುತ್ತದೆ.

ಈ ಫೋನಿನಲ್ಲಿ 3.9 ವೋಲ್ಟ್ ತೋರಿಸುತ್ತಿದ್ದ ಬ್ಯಾಟರಿ, ಟಾರ್ಚ್ ಹಚ್ಚಿ ವಿಡಿಯೊ ತೆಗೆದಾಗ 3.5ಕ್ಕೆ ಜಾರಿತು. ನನಗೆ ಅಷ್ಟೇ ಸಾಕಾಯಿತು. ಹೊಸ ಬ್ಯಾಟರಿ ಹಾಕಿ 1,100 ರೂಪಾಯಿ ತೆಗೆದುಕೊಂಡು, "ಇನ್ನು ಮೂರು ವರ್ಷ ನೋಡುವಂತಿಲ್ಲ" ಎಂದು ಧೈರ್ಯ ಹೇಳಿ ಕಳಿಸಿದೆ.

ಎರಡನೆಯ ದಿನವೇ ಸೆಕ್ರೆಟರಿಯವರು ಬಂದು ನಿಂತಿದ್ದರು.

ಈ ಸಲ ರಿಕವರಿ ಮೋಡಿಗೆ ಹಾಕಿದೆ. ಆಂಡ್ರಾಯ್ಡ್ ಏಳದೆ ಒಂದು ಸಣ್ಣ ಪಟ್ಟಿಯ ಪರದೆಯಲ್ಲಿ ಫೋನು ನಿಲ್ಲುವ ಸ್ಥಿತಿ ಅದು. ಅಲ್ಲಿ ಗಂಟೆಗಟ್ಟಲೆ ಸುಮ್ಮನಿದ್ದರೆ ದೋಷ ಸಾಫ್ಟ್‌ವೇರಿನದು, ಅಲ್ಲೂ ಬಿದ್ದರೆ ಹಾರ್ಡ್‌ವೇರಿನದು. ಇದು ನಮ್ಮ ಕಸುಬಿನಲ್ಲಿ ಎಲ್ಲರೂ ನಂಬುವ ಪರೀಕ್ಷೆ. ಇಪ್ಪತ್ತು ನಿಮಿಷ ನಿಂತಿತು. ಇನ್ನೊಂದು ಫೋನಿನ ಸ್ಪೀಕರು ಬೆಸುಗೆ ಹಾಕುತ್ತಿದ್ದವನು ತಲೆ ಎತ್ತಿ ನೋಡುವಷ್ಟರಲ್ಲಿ ಲೋಗೊ ಮಿನುಗುತ್ತಿತ್ತು. ರಿಕವರಿಯಲ್ಲೂ ಬಿದ್ದಿದೆ, ಹೊಸ ಬ್ಯಾಟರಿಯಲ್ಲೂ ಬಿದ್ದಿದೆ. ಹಾಗಿದ್ದರೆ ಬೋರ್ಡೇ. ಬೋರ್ಡಿನ ಮೇಲಿನ ಚಿಪ್ಪಿನ, ಅಂದರೆ ಐಸಿಯ ಕೆಳಗಿನ ಬೆಸುಗೆ ಬಿಟ್ಟಿರಬೇಕು ಎಂದು ತೀರ್ಮಾನಿಸಿ, ಬೋರ್ಡ್ ಕೆಲಸಕ್ಕೆ 2,500 ಆಗುತ್ತದೆ ಎಂದೆ.

ಸೆಕ್ರೆಟರಿಯವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಖಾತ್ರಿ ಇದೆಯೇನಪ್ಪಾ?" ಎಂದರು.

ಖಾತ್ರಿ ಇರಲಿಲ್ಲ. ಹಾಟ್ ಗನ್ ಹಿಡಿದು ಬೋರ್ಡ್ ಕಾಯಿಸಿದರೆ ಒಂದೋ ಫೋನು ಉಳಿಯುತ್ತದೆ, ಇಲ್ಲವೇ ಹೋಗುತ್ತದೆ. ಅವರ ಆ ಒಂದು ಪ್ರಶ್ನೆಗೆ ನಾಚಿಕೆಯಾಗಿ, ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಒಂದು ನೋಟ್‌ಬುಕ್ ಕೊಟ್ಟು, "ಒಂದು ವಾರ ಇದರಲ್ಲಿ ಬರೆಯಿರಿ. ಆರಿದಾಗ ಗಂಟೆ ಎಷ್ಟು, ಚಾರ್ಜ್ ಎಷ್ಟಿತ್ತು, ಏನು ಮಾಡುತ್ತಿದ್ದಿರಿ" ಎಂದೆ.

ಬೇರೆ ಯಾರಾದರೂ ಆಗಿದ್ದರೆ ಎರಡು ದಿನ ಗೀಚಿ ಬಿಡುತ್ತಿದ್ದರು. ಇವರು ಇಪ್ಪತ್ತೈದು ವರ್ಷದಿಂದ ಬೆಳಿಗ್ಗೆ ಸಂಜೆ ಪ್ರತಿ ಕ್ಯಾನಿನ ಲೀಟರು, ಫ್ಯಾಟು, ಎಸ್‌ಎನ್‌ಎಫ್ ಎಂಬ ಕೊಬ್ಬು ಬಿಟ್ಟ ಘನಾಂಶ ಬರೆದ ಕೈ. ಸ್ಕೇಲಿಟ್ಟು ಗೆರೆ ಎಳೆದು ಐದು ಕಾಲಂ ಮಾಡಿದ್ದರು: ತಾರೀಖು, ಹೊತ್ತು, ಶೇಕಡಾ, ಕೆಲಸ, ಷರಾ. ವಾರಕ್ಕೆ ಮೂವತ್ತೊಂದು ಸಾಲು.

ಆ ಪುಟಗಳನ್ನು ಈಗಲೂ ಇಟ್ಟುಕೊಂಡಿದ್ದೇನೆ. ಶೇಕಡಾ ಕಾಲಂನಲ್ಲಿ 91, 44, 68, 83, 100, ಯಾವ ತಾಳಮೇಳವೂ ಇಲ್ಲ. ಎರಡು ಕಡೆ "ಚಾರ್ಜಿಗೆ ಹಾಕಿತ್ತು" ಎಂದೂ ಇದೆ. ಚಾರ್ಜರು ಚುಚ್ಚಿರುವಾಗಲೂ ಆರುವ ಫೋನಿಗೆ ಬ್ಯಾಟರಿಯನ್ನು ದೂರುವುದು ಕಷ್ಟ. ಹೊತ್ತಿನ ಕಾಲಂ ನೋಡಿದರೆ ಬೇರೆಯೇ ಕಥೆ. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದೂವರೆಯಿಂದ ಏಳು. ಆ ಎರಡು ಹೊತ್ತಿನ ಹೊರಗೆ ಇದ್ದದ್ದು ನಾಲ್ಕೇ ಸಾಲು. ರಾತ್ರಿ ಒಮ್ಮೆಯೂ ಇಲ್ಲ. "ಯಾವಾಗಲೂ" ಎಂದಿದ್ದರಲ್ಲ, ಆ ಯಾವಾಗಲೂ ಎಂದರೆ ಡೇರಿಯಲ್ಲಿ ಹಾಲು ಅಳೆಯುವ ಹೊತ್ತು!

ಇನ್ನು ಷರಾ. ನಾನು ಕೇಳಿರಲಿಲ್ಲ, ಅವರೇ ಸೇರಿಸಿಕೊಂಡ ಕಾಲಂ ಅದು. ಏಳನೆಯ ಸಾಲಿನ ಎದುರು "ಆರುವ ಮುನ್ನ ಸದರಿ ಫೋನಿನಲ್ಲಿ ಕ್ಯಾಮೆರಾ ತಾನೇ ತೆರೆದಿರುತ್ತದೆ" ಎಂದು ಬರೆದಿದ್ದರು. ಹನ್ನೆರಡನೆಯ ಸಾಲಿನಲ್ಲಿ "ಪವರ್ ಆಫ್ ಮಾಡಬೇಕೇ ಎಂದು ಕೇಳಿತು, ನಾನು ಮುಟ್ಟಿರುವುದಿಲ್ಲ". ಹತ್ತೊಂಬತ್ತರಲ್ಲಿ ಮತ್ತೆ ಕ್ಯಾಮೆರಾ.

ಓದಿದ ಕೂಡಲೇ ಹಣೆ ಚಚ್ಚಿಕೊಂಡೆ. ಪವರ್ ಕೀಯನ್ನು ಎರಡು ಸಲ ಬೇಗ ಒತ್ತಿದರೆ ಕ್ಯಾಮೆರಾ ತೆರೆಯುತ್ತದೆ. ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಪವರ್ ಆಫ್ ಕೇಳುತ್ತದೆ. ಹತ್ತಾರು ಸೆಕೆಂಡು ಒತ್ತಿಯೇ ಹಿಡಿದರೆ, ಫೋನು ಸ್ತಬ್ಧವಾದಾಗ ನಾವೇ ಮಾಡುತ್ತೇವಲ್ಲ, ಹಾಗೆ ಬಲವಂತದ ರೀಸ್ಟಾರ್ಟ್ ಆಗುತ್ತದೆ. ಅದಕ್ಕೆ ಆಂಡ್ರಾಯ್ಡಿನ ಅಪ್ಪಣೆ ಬೇಕಿಲ್ಲ, ಫೋನಿಗೆ ಕರೆಂಟು ಹಂಚುವ ಪವರ್ ಐಸಿಯೇ ನೋಡಿಕೊಳ್ಳುತ್ತದೆ. ಹಾಗಾದರೆ ರಿಕವರಿಯಲ್ಲಿ ಬಿದ್ದದ್ದು? ಅಲ್ಲಿ ವಾಲ್ಯೂಮ್ ಕೀ ಪಟ್ಟಿಯಲ್ಲಿ ಮೇಲೆ ಕೆಳಗೆ ಓಡಾಡಿಸುತ್ತದೆ, ಆಯ್ಕೆ ಮಾಡುವುದು ಪವರ್ ಕೀ. ಪಟ್ಟಿಯ ಮೊದಲ ಸಾಲು ಯಾವುದು? "ಈಗ ರೀಬೂಟ್ ಮಾಡು." ಕೀ ತಾನಾಗಿ ಒಮ್ಮೆ ಒತ್ತಿಕೊಂಡರೂ ಸಾಕು, ಫೋನು ಹೇಳಿದ ಮಾತು ಕೇಳಿ ಎದ್ದು ನಡೆಯುತ್ತದೆ. ನಾನು ನಂಬಿದ್ದ ಪರೀಕ್ಷೆಯೇ ನನ್ನನ್ನು ಬೋರ್ಡಿನ ಕಡೆಗೆ ತಳ್ಳಿತ್ತು.

ಬಿಚ್ಚುವ ಮೊದಲು ಕಂಪ್ಯೂಟರಿಗೆ ಜೋಡಿಸಿ, ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಎಡಿಬಿ ಎಂಬ ಸಾಧನದಲ್ಲಿ ಫೋನನ್ನೇ ಕೇಳಿದೆ: ಕೊನೆಯ ಬಾರಿ ಯಾಕೆ ಎದ್ದೆ? ಆಂಡ್ರಾಯ್ಡ್ ಪ್ರತಿ ಸಲ ಎದ್ದಾಗಲೂ ಒಂದು ಕಾರಣ ಬರೆದಿಟ್ಟುಕೊಳ್ಳುತ್ತದೆ. ಕರ್ನಲ್ ಪ್ಯಾನಿಕ್ ಎಂದಿದ್ದರೆ ಬುನಾದಿಯೇ ಕುಸಿದದ್ದು, ವಾಚ್‌ಡಾಗ್ ಎಂದಿದ್ದರೆ ಒಳಗೆ ಏನೋ ಸ್ತಬ್ಧವಾಗಿ ಕಾವಲುಗಾರ ಎಬ್ಬಿಸಿದ್ದು, ಥರ್ಮಲ್ ಎಂದಿದ್ದರೆ ಬಿಸಿ. ಎಲ್ಲ ಕಂಪನಿಗಳ ಫೋನೂ ಇಷ್ಟು ನೇರವಾಗಿ ಬಾಯಿ ಬಿಡುವುದಿಲ್ಲ. ಇದು ಬಿಟ್ಟಿತು: "ಲಾಂಗ್‌ಕೀ". ಕೀ ಒತ್ತಿ ಹಿಡಿದದ್ದು. ಮೊದಲ ದಿನ ಐದು ನಿಮಿಷ ಕೊಟ್ಟು ಕೇಳಿದ್ದರೆ ಅಂದೇ ಹೇಳುತ್ತಿತ್ತೇನೋ.

ಐಫೋನಿನವರಿಗೆ ಇಂಥ ದಾಖಲೆ ಸೆಟ್ಟಿಂಗ್ಸ್‌ನಲ್ಲೇ, ಪ್ರೈವೆಸಿಯ ಒಳಗಿನ ಅನಾಲಿಟಿಕ್ಸ್ ಡೇಟಾದಲ್ಲಿ ಸಿಗುತ್ತದೆ. "ಪ್ಯಾನಿಕ್" ಎಂದು ಶುರುವಾಗುವ ಹೆಸರು ಹುಡುಕಬೇಕು. ಗಡಿಯಾರ ಇಟ್ಟ ಹಾಗೆ ಸುಮಾರು ಮೂರು ನಿಮಿಷಕ್ಕೊಮ್ಮೆ ರೀಸ್ಟಾರ್ಟ್ ಆಗುವ ಐಫೋನು ಬಂದರೆ ನಾನು ಬ್ಯಾಟರಿಗಿಂತ ಮೊದಲು ಚಾರ್ಜಿಂಗ್ ಸ್ಟ್ರಿಪ್, ಅಂದರೆ ಚಾರ್ಜ್ ಪಿನ್ನನ್ನು ಬೋರ್ಡಿಗೆ ಜೋಡಿಸುವ ತೆಳು ಪಟ್ಟಿ ನೋಡುತ್ತೇನೆ. ಅದರಲ್ಲಿರುವ ಸೆನ್ಸರೊಂದು ಉತ್ತರ ಕೊಡದಿದ್ದರೆ 180 ಸೆಕೆಂಡು ಕಾದು ಕಾವಲುಗಾರ ಫೋನನ್ನು ಬೀಳಿಸುತ್ತಾನೆ.

ಮತ್ತೆ ಹಾಲಿನ ಫೋನಿಗೆ ಬರುತ್ತೇನೆ. ಬ್ಯಾಟರಿ ಬೇರ್ಪಡಿಸಿ, ಡಿಸಿ ಸಪ್ಲೈನಿಂದ 4 ವೋಲ್ಟ್ ಕೊಟ್ಟೆ. ಕೀ ಮುಟ್ಟದೆ ಫೋನು ಎಳೆಯುವ ಕರೆಂಟು ಸೊನ್ನೆಗೆ ಹತ್ತಿರವಿರಬೇಕು. ಎರಡು ಸಲ ಸೊನ್ನೆಯೇ ಇತ್ತು. ಮೂರನೆಯ ಸಲ, ಕೀಯ ಮೇಲೆ ಒದ್ದೆ ಬೆರಳು ಸವರಿ ಒಮ್ಮೆ ಒತ್ತಿ ಬಿಟ್ಟ ಮೇಲೆ ಸಪ್ಲೈ ಕೊಟ್ಟರೆ, ಮುಳ್ಳು ತಾನಾಗಿ ಎದ್ದಿತು, ಲೋಗೊ ಬಂತು. ಕೀಯಿಂದ ಬೋರ್ಡಿಗೆ ಹೋಗುವ ಗೆರೆಯ ಮೇಲೆ ಮೀಟರು ಇಟ್ಟೆ. ಒತ್ತದಿರುವಾಗ ಅಲ್ಲಿ ಸುಮಾರು 1.8 ವೋಲ್ಟ್ ನಿಲ್ಲಬೇಕಿತ್ತು. ಅದು 0.3ರಲ್ಲಿ ತೂಕಡಿಸುತ್ತಿತ್ತು.

ಪಕ್ಕದ ಕೀಯನ್ನು ಚೌಕಟ್ಟಿನಿಂದ ಬಿಡಿಸಿ ಮೈಕ್ರೊಸ್ಕೋಪಿನ ಕೆಳಗಿಟ್ಟೆ. ಕೀಯ ಅಂಚಿನ ಸುತ್ತ ಮೇಣದಂಥ ಹಳದಿ ಪೊರೆ. ಟ್ವೀಜರಿನಿಂದ ಕೆರೆದರೆ ಹಪ್ಪಳದ ಚೂರಿನಂತೆ ಎದ್ದು ಬಂತು. ಮೂಗಿನ ಹತ್ತಿರ ಹಿಡಿದರೆ ಹುಳಿ ವಾಸನೆ, ತೊಳೆಯದ ಹಾಲಿನ ಪಾತ್ರೆಯದು. ಸೆಕ್ರೆಟರಿಯವರು ಹಾಲಿನ ಕೈಯಲ್ಲೇ ಫೋನು ತೆಗೆದು, ಲೆಕ್ಕದ ಚಿತ್ರ ತೆಗೆದು ಗುಂಪಿಗೆ ಹಾಕುತ್ತಿದ್ದರು. ಮೂರೂವರೆ ವರ್ಷದ ಹಾಲು ಆ ಸಂದಿಯಲ್ಲಿ ಹೆಪ್ಪುಗಟ್ಟಿತ್ತು. ಒಣಗಿದ್ದಾಗ ಕೀ ಚೆನ್ನಾಗಿಯೇ ಓಡಾಡುತ್ತದೆ. ಕೈ ಒದ್ದೆಯಾದಾಗ ಪೊರೆ ಮೆತ್ತಗಾಗಿ ಅಂಟಾಗುತ್ತದೆ, ಒತ್ತಿದ ಕೀ ವಾಪಸು ಬರುವುದಿಲ್ಲ, ಬಿಗಿಯಾದ ಕವರು ಮೇಲಿಂದ ಇನ್ನಷ್ಟು ಅದುಮುತ್ತದೆ. ಸ್ವಲ್ಪ ತೇವ ಒಳಗಿನ ಸ್ವಿಚ್ಚಿಗೂ ಇಳಿದು ಅದರ ತಗಡು ಹಸಿರುಗಟ್ಟಿತ್ತು. ಕವರು ತೆಗೆದಿಟ್ಟು ಒಣಗಿದ ಮೇಜಿನ ಮೇಲೆ ನಾನು ಕಾದದ್ದು ಎಂಥ ಕಾಯುವಿಕೆ!

ಕೀಯನ್ನು ಐಪಿಎ ಎಂಬ ಆಲ್ಕೊಹಾಲಿನಲ್ಲಿ ತೊಳೆದು, ಸ್ವಿಚ್ಚಿನ ಸ್ಟ್ರಿಪ್ ಹೊಸದು ಹಾಕಿದೆ. ಸ್ಟ್ರಿಪ್ಪಿನ ಬೆಲೆ 120 ರೂಪಾಯಿ. ಅದನ್ನು ತೆಗೆದುಕೊಳ್ಳಲಿಲ್ಲ. ಬ್ಯಾಟರಿಯ 1,100 ಹಿಂದಿರುಗಿಸಲು ಹೋದಾಗ ಅವರೇ, "ಹಳೆಯದು ಸೋತಿತ್ತು ಎಂದು ನೀನೇ ಅಂದೆಯಲ್ಲ, ಅದು ಸುಳ್ಳೇ?" ಎಂದರು. ಸುಳ್ಳಾಗಿರಲಿಲ್ಲ. ಅದು ಸೋತಿದ್ದು ನಿಜ, ಕಳ್ಳ ಮಾತ್ರ ಬೇರೆಯವನಾಗಿದ್ದ. ಹಣ ಡ್ರಾಯರಿನಲ್ಲೇ ಉಳಿಯಿತು. ಈ ಬಗ್ಗೆ ನನಗೆ ಇಂದಿಗೂ ಪೂರ್ತಿ ಸಮಾಧಾನವಿಲ್ಲ.

ಆಮೇಲೆ ಇಂಥ ಫೋನು ಬಂದರೆ ಮೊದಲು ಕೈಗೆ ನೋಟ್‌ಬುಕ್ ಬರುತ್ತದೆ, ಸ್ಕ್ರೂಡ್ರೈವರ್ ನಂತರ. ಅದರಿಂದ ಕೆಲವು ಬಿಚ್ಚದೆಯೇ ಬಗೆಹರಿದಿವೆ. ಒಬ್ಬ ಅಜ್ಜಿಯ ಫೋನು ಪ್ರತಿ ಭಾನುವಾರ ನಸುಕಿನಲ್ಲಿ ಮಾತ್ರ ರೀಸ್ಟಾರ್ಟ್ ಆಗುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ವಾರಕ್ಕೊಮ್ಮೆ ತಾನೇ ರೀಸ್ಟಾರ್ಟ್ ಆಗುವ ಆಯ್ಕೆಯನ್ನು ಮೊಮ್ಮಗ ಆನ್ ಮಾಡಿಟ್ಟಿದ್ದ. ಇನ್ನೊಬ್ಬರು ಎರಡನೆಯ ಫೋನನ್ನು ಬೀರುವಿನಲ್ಲಿ ಚಾರ್ಜಿಗಿಟ್ಟು, ತೆಗೆದಾಗಲೆಲ್ಲ ಅದು ಹೊಸದಾಗಿ ಎದ್ದಂತೆ ಪಿನ್ ಕೇಳುತ್ತದೆ ಎಂದು ಗಾಬರಿಯಾಗಿದ್ದರು. ಮೂರು ದಿನ ಬೀಗ ತೆರೆಯದೆ ಇಟ್ಟರೆ ತಾನೇ ರೀಸ್ಟಾರ್ಟ್ ಆಗುವ ಭದ್ರತೆಯನ್ನು ಗೂಗಲ್ 2025ರಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ತಂದಿದೆ ಎಂದು ಹೇಳಿ ಕಳಿಸಿದೆ.

ಸೆಕ್ರೆಟರಿಯವರು ತಿಂಗಳ ನಂತರ ಚಾರ್ಜರಿನ ವೈರು ಕೊಳ್ಳಲು ಬಂದರು. ಜೇಬಿನಿಂದ ಅದೇ ನೋಟ್‌ಬುಕ್ ತೆಗೆದು ಮುಂದಿಟ್ಟರು. ರಿಪೇರಿಯಾದ ಮರುದಿನದಿಂದಲೂ ಗೆರೆ ಎಳೆದು ತಾರೀಖು ಹಾಕಿ "ಇಲ್ಲ", "ಇಲ್ಲ", "ಇಲ್ಲ" ಎಂದು ಬರೆದಿದ್ದರು. ಹತ್ತೊಂಬತ್ತನೆಯ ದಿನ ಮಾತ್ರ ಒಂದು ಸಾಲು: ಬೆಳಿಗ್ಗೆ 6.40, ಶೇಕಡಾ 71, ರೀಸ್ಟಾರ್ಟ್ ಆಯಿತು. ನನ್ನ ಎದೆ ಧಸಕ್ಕೆಂದಿತು. ಅವರು ಬೆರಳನ್ನು ಷರಾ ಕಾಲಂಗೆ ಸರಿಸಿದರು.

"ಅಪ್‌ಡೇಟ್ ಬಂದಿರುತ್ತದೆ. ನಾನೇ ಒತ್ತಿರುತ್ತೇನೆ. ಕೈ ತೊಳೆದುಕೊಂಡಿರುತ್ತೇನೆ."