ಬಾನೆಟ್ ತೆಗೆಯದೆ ಪೆಟ್ರೋಲ್

ಪೋರ್ಷೆ 914ಕ್ಕೆ ಎಂಜಿನ್ ಸೀಟಿನ ಬೆನ್ನಿಗೆ, ಪೆಟ್ರೋಲ್ ಟ್ಯಾಂಕ್ ಮುಂಭಾಗದಲ್ಲಿ. ಟ್ಯಾಂಕಿನ ಬಾಯಿ ಇರುವುದು ಮುಂದಿನ ಬಾನೆಟ್ಟಿನ ಅಡಿಗೆ. ರಸ್ತೆ ಕಾರಿನಲ್ಲಿ ಅದೇನು ದೊಡ್ಡ ತಾಪತ್ರಯ ಅಲ್ಲ, ಎತ್ತಿದರಾಯಿತು. ನನ್ನದು 1973ರ ಗಾಡಿ, ಕೈಗೆ ಬರುವಾಗಲೇ ರೇಸಿಗೆ ಸಜ್ಜಾಗಿತ್ತು. ತೂಕ ಇಳಿಸಲು ಹಿಂದಿನ ಮಾಲೀಕರು ಕೀಲುಗಳನ್ನು ಕಿತ್ತು, ಫೈಬರ್ ಬಾನೆಟ್ಟನ್ನು ನಾಲ್ಕು ಪಿನ್ನುಗಳ ಮೇಲೆ ಕೂರಿಸಿದ್ದರು. ಹಾಗಾಗಿ ಪೆಟ್ರೋಲ್ ಹಾಕಬೇಕೆಂದರೆ ಬಾನೆಟ್ ಪೂರ್ತಿ ಹೊರಗೆ, ಹಿಡಿಯಲು ಇನ್ನೊಬ್ಬರು. ಕ್ಯಾಲಿಫೋರ್ನಿಯಾದ ಥಂಡರ್‌ಹಿಲ್ ಟ್ರ್ಯಾಕಿನಲ್ಲಿ ಒಂದು ಮಧ್ಯಾಹ್ನ ಒಬ್ಬನೇ ಧೈರ್ಯ ಮಾಡಿದೆ. ಬೀಸಿದ ಗಾಳಿಗೆ ಬಾನೆಟ್ ಮೊರ ಹಾರಿದ ಹಾಗೆ ಹಾರಿ ಪಕ್ಕದವರ ಟ್ರೇಲರಿಗೆ ಬಡಿಯಿತು.

ಮದ್ದು ಹಳೆಯದೇ. 1970ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ ಒಟ್ಟಾರೆ ಆರನೆಯದಾಗಿ ಬಂದ 914-6 ಜಿಟಿಗೆ, ಅಂದರೆ ಇದೇ ಗಾಡಿಯ ರೇಸ್ ರೂಪಕ್ಕೆ, ಪೆಟ್ರೋಲ್ ಮುಚ್ಚಳ ಬಾನೆಟ್ಟಿನ ನಡುವೆಯೇ ಇತ್ತು. ನಾನೂ ಅದನ್ನೇ ಮಾಡಲು ಹೊರಟೆ. ಬಾನೆಟ್ ಮೂಲದ ಉಕ್ಕಿನದಾಗಿದ್ದರೆ ಕೊರೆಯುವ ಮನಸ್ಸು ಬರುತ್ತಿರಲಿಲ್ಲ. ಇದು ಹೇಗೂ ನಕಲಿ.

ಮೊದಲ ನಿರ್ಧಾರ: ಮುಚ್ಚಳ ಬಾನೆಟ್ಟಿಗೆ ಅಂಟಿರಬಾರದು, ಟ್ಯಾಂಕಿನ ಕತ್ತಿಗೇ (ಪೆಟ್ರೋಲ್ ಸುರಿಯುವ ಪೈಪಿಗೇ) ಸೇರಿರಬೇಕು. ಬಾನೆಟ್ಟಿನಲ್ಲಿ ಬರೀ ತೂತು, ಸುತ್ತ ರಬ್ಬರ್ ಪಟ್ಟಿ. ಆಗ ಬಾನೆಟ್ ತೆಗೆಯುವಾಗ ಪೈಪ್ ಬಿಚ್ಚುವ ರಗಳೆ ಇಲ್ಲ. ಕತ್ತಿನ ಕೆಳಗೊಂದು ಅಲ್ಯೂಮಿನಿಯಂ ತಟ್ಟೆ. ಚೆಲ್ಲಿದ್ದು ಅದರ ನಳಿಗೆಯಲ್ಲಿ ಗಾಡಿಯ ಹೊಟ್ಟೆಯಡಿಗೆ ಇಳಿದು ಹೋಗುತ್ತದೆ.

ತೂತು ಎಲ್ಲಿ? ಅಳೆದೆ, ಮತ್ತೆ ಅಳೆದೆ, ಎರಡು ಸಲವೂ ಬೇರೆ ಲೆಕ್ಕ. ಬಾನೆಟ್ಟಿಗೆ ಎರಡೂ ಕಡೆ ಬಾಗು, ಟೇಪು ಎಲ್ಲಿ ಹಿಡಿದರೂ ಸುಳ್ಳು. ಕೊನೆಗೆ ದೇವರ ಮನೆಯಿಂದ ಚಿಟಿಕೆ ಕುಂಕುಮ ತಂದು, ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಮುಚ್ಚಳದ ತಲೆಗೆ ಸವರಿ, ಬಾನೆಟ್ಟನ್ನು ಮೆಲ್ಲಗೆ ಇಳಿಸಿದೆ. ಎತ್ತಿ ನೋಡಿದರೆ ಒಳಬದಿಯಲ್ಲಿ ದುಂಡಗಿನ ಕೆಂಪು ಗುರುತು. ನೋಡಲು ಬಂದ ಪುತ್ತೂರಿನ ಗೆಳೆಯ, "ಎಂತ ಮಾರಾಯ, ಗಾಡಿಗೆ ಹೊಟ್ಟೆಯ ಒಳಗೆ ಬೊಟ್ಟು ಇಡ್ತೀಯಾ?" ಅಂದ.

ಟ್ಯಾಂಕ್ ಖಾಲಿ ಮಾಡಿ, ಗಾಡಿಯಿಂದಲೇ ಬಿಚ್ಚಿ ದೂರ ಇಟ್ಟ ಮೇಲಷ್ಟೇ ಡ್ರಿಲ್ ಮುಟ್ಟಿದೆ. ಇದರಲ್ಲಿ ಸೋಮಾರಿತನ ಮಾಡಿದರೆ ಜೀವಕ್ಕೇ ಸಂಚಕಾರ. ಬಣ್ಣ ಸಿಡಿಯದಂತೆ ಟೇಪ್ ಹಚ್ಚಿ, ನಿಧಾನ ವೇಗದಲ್ಲಿ ಮೇಲಿನಿಂದ ಕೊರೆದು, ಅಂಚಿಗೆ ರೆಸಿನ್ ಬಳಿದೆ. ಫೈಬರ್ ಪುಡಿಯ ನವೆ ಮೂರು ದಿನ ಬಿಡಲಿಲ್ಲ, ಮಾಸ್ಕ್ ಮೂಗನ್ನು ಮಾತ್ರ ಕಾಪಾಡಿತು.

ಮುಚ್ಚಳದ ವಿಷಯದಲ್ಲಿ ಗೆಳೆಯರ ಮಾತು ಕೇಳಲಿಲ್ಲ. ಪಟ್ಟನೆ ತೆರೆಯುವ ಮೊನ್ಜಾ ಮುಚ್ಚಳ ಚಂದ, ಆದರೆ ಡಿಕ್ಕಿಯಾದಾಗಲೂ ಪಟ್ಟನೆ ತೆರೆದುಕೊಂಡೀತೆಂಬ ಭಯ. ತಿರುಪಿನ ಮುಚ್ಚಳವನ್ನೇ ಹಾಕಿದೆ. ಅದು ಕಿತ್ತು ಹೋದರೂ ಗಾಡಿ ಮಗುಚಿದರೆ ಪೆಟ್ರೋಲ್ ಸುರಿಯದಂತೆ ಕತ್ತಿನ ಬುಡದಲ್ಲಿ ಕವಾಟ, ಕಿಡಿ ಹಾರದಂತೆ ಕತ್ತಿನಿಂದ ಚಾಸಿಸ್‌ಗೆ ಒಂದು ತಂತಿ.

ಮೊದಲ ಸಲ ತುಂಬಿದಾಗ ನಾಲ್ಕೈದು ಲೀಟರ್ ಸಲೀಸಾಗಿ ಇಳಿಯಿತು. ಆಮೇಲೆ ಗುಳುಗುಳು ಎಂದು ಉಕ್ಕಿ ನನ್ನ ಎದೆಗೇ ಉಗುಳಿತು. ಟ್ಯಾಂಕಿನಲ್ಲಿದ್ದ ಗಾಳಿಗೆ ಹೊರಬರಲು ಬೇರೆ ದಾರಿ ಸಾಲದೆ ಅದೇ ಕತ್ತಿನಲ್ಲಿ ಎದುರು ಬರುತ್ತಿತ್ತು. ಟ್ಯಾಂಕಿನ ನೆತ್ತಿಯಿಂದ ಮುಚ್ಚಳದ ಕೆಳಗಿನವರೆಗೆ ಹೆಬ್ಬೆರಳು ಗಾತ್ರದ ಇನ್ನೊಂದು ಪೈಪ್ ಎಳೆದು, ಅದಕ್ಕೂ ಕವಾಟ ಹಾಕಿದ ಮೇಲೆ 19 ಲೀಟರಿನ ಕ್ಯಾನ್ ಸದ್ದಿಲ್ಲದೆ ಬರಿದಾಯಿತು.

ಒಂದು ಮಾತ್ರ ಕೈತಪ್ಪಿತು. ಮೊದಲು ಟಾರ್ಚ್ ಹಾಕಿ ಬಗ್ಗಿದರೆ ಪೆಟ್ರೋಲ್ ಎಷ್ಟಿದೆ ಎಂದು ಕಾಣುತ್ತಿತ್ತು, ಈಗ ಕತ್ತು ಬಾಗಿದೆ, ಬೆಳಕು ಇಳಿಯುವುದಿಲ್ಲ. ಹಾಗಾಗಿ ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೈತಕ್ಕಡಿಗೆ ಕ್ಯಾನನ್ನು ನೇತುಹಾಕಿ, ಸುರಿಯುವ ಮುಂಚೆ ಒಮ್ಮೆ, ಆಮೇಲೊಮ್ಮೆ ತೂಗುತ್ತೇನೆ. 19 ಲೀಟರ್ ಅಂದರೆ ಸುಮಾರು 14 ಕಿಲೋ.